ಗಿಟಾರಿಗೆ ಎಷ್ಟು ವಾಟ್ ಸಾಕು?

ಮನೆಯಲ್ಲಿ ಗಿಟಾರ್ ಕಲಿಯುವ ಮಗನೋ ಮಗಳೋ ಇದ್ದರೆ ಮೊದಲ ಕೆಲವು ವರ್ಷ ತಂದೆತಾಯಿಗಳಿಗೆ ಖರ್ಚಿನ ಚಿಂತೆ ಅಷ್ಟಾಗಿ ಇರುವುದಿಲ್ಲ. ಒಂದು ವಾದ್ಯ, ಆಗಾಗ ಕಡಿಯುವ ತಂತಿ, ಕಲಿಸುವವರ ಶುಲ್ಕ, ಇಷ್ಟರಲ್ಲಿ ಮುಗಿಯುತ್ತದೆ. ಅಭ್ಯಾಸ ಒಂದು ಹದಕ್ಕೆ ಬಂದು, ನಾಲ್ವರು ಗೆಳೆಯರು ಕೂಡಿ ಗೋಷ್ಠಿಯೊಂದನ್ನು ಕಟ್ಟಿ, ಕಾಲೇಜಿನ ಸಭಾಂಗಣಕ್ಕೋ ಕೆಫೆಯೊಂದರ ಮೂಲೆಗೋ ಬಡಾವಣೆಯ ಗಣೇಶೋತ್ಸವಕ್ಕೋ ಕರೆ ಬಂದಾಗ ಮಾತ್ರ ಹೊಸ ಬೇಡಿಕೆ ತಲೆಯೆತ್ತುತ್ತದೆ. ಅದೇ ಆಂಪ್ಲಿಫೈಯರ್. ವಿದ್ಯುತ್ ಗಿಟಾರಿನ ತಂತಿ ತಾನಾಗಿ ಮಾಡುವ ಸದ್ದು ಪಕ್ಕದ ಕೋಣೆಗೂ ಕೇಳಿಸದು. ಆಂಪ್ಲಿಫೈಯರ್ ಜೊತೆಗೂಡಿದಾಗಲೇ ಅದು ಪೂರ್ಣ ವಾದ್ಯವಾಗುವುದು. ಆದುದರಿಂದ ಈ ಬೇಡಿಕೆಯನ್ನು ಮಕ್ಕಳ ಷೋಕಿ ಎಂದು ತಳ್ಳಿಹಾಕುವಂತಿಲ್ಲ.

ಅಂಗಡಿಗೆ ಹೋದರೆ 10, 20, 50, 100 ವಾಟ್ ಎಂದು ಬರೆದ ಪೆಟ್ಟಿಗೆಗಳ ಸಾಲು. ಕೊಡುವ ಹಣಕ್ಕೆ ಸಿಗುವಷ್ಟು ದೊಡ್ಡದನ್ನೇ ಒಯ್ಯೋಣವೆಂಬುದು ಸಂಸಾರಸ್ಥರ ಸಹಜವಾದ ಲೆಕ್ಕಾಚಾರ. ಅಕ್ಕಿಯ ಮೂಟೆಗೆ ಈ ಲೆಕ್ಕ ಸರಿ, ಆಂಪ್ಲಿಫೈಯರಿಗೆ ಸಲ್ಲದು. ಸಣ್ಣ ಸಭಾಂಗಣದಲ್ಲಿ ನುಡಿಸುವವನಿಗೆ ದೊಡ್ಡ ಪೆಟ್ಟಿಗೆ ಅನಾವಶ್ಯಕವಷ್ಟೇ ಅಲ್ಲ, ಅನೇಕ ವೇಳೆ ತೊಡಕೂ ಹೌದು.

ಹಾಗಾದರೆ ದೊಡ್ಡ ಆಂಪ್ಲಿಫೈಯರುಗಳು ಹುಟ್ಟಿದ್ದೇತಕ್ಕೆ? ಈ ಕಥೆ ತಿಳಿಯತಕ್ಕದ್ದು. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರಲ್ಲಿ ರೇಡಿಯೋ ದುರಸ್ತಿಯ ಅಂಗಡಿ ತೆರೆದ ಲಿಯೋ ಫೆಂಡರ್ ಮುಂದೆ ಗಿಟಾರ್ ಆಂಪ್ಲಿಫೈಯರುಗಳ ತಯಾರಿಕೆಗೆ ತೊಡಗಿದನು. ಆತನ ಸಂಸ್ಥೆಯ ಚಾಂಪ್ ಎಂಬ ಪುಟ್ಟ ಪೆಟ್ಟಿಗೆಯ ಶಕ್ತಿ ಸುಮಾರು 5 ವಾಟ್ ಮಾತ್ರ. ಇಂಗ್ಲೆಂಡಿನ ವಾಕ್ಸ್ ಸಂಸ್ಥೆ ಮೊದಲು ತಂದದ್ದು 15 ವಾಟಿನ ಮಾದರಿ. ಅಭಿಮಾನಿಗಳ ಕೂಗಾಟದಲ್ಲಿ ದಿ ಶ್ಯಾಡೋಸ್ ಗೋಷ್ಠಿಯ ವಾದನ ಕೇಳಿಸದಾದಾಗ 1950ರ ದಶಕದ ಕೊನೆಗೆ 30 ವಾಟಿನ ಮಾದರಿ ಬಂದಿತು. 1962ರಲ್ಲಿ ಲಂಡನ್ನಿನಲ್ಲಿ ಆಂಪ್ಲಿಫೈಯರ್ ತಯಾರಿಕೆ ಆರಂಭಿಸಿದ ಜಿಮ್ ಮಾರ್ಷಲ್, ದಿ ಹೂ ಗೋಷ್ಠಿಯ ಪೀಟ್ ಟೌನ್‌ಶೆಂಡ್ ಮೊದಲಾದವರ ಒತ್ತಾಯಕ್ಕೆ ಮಣಿದು ಕೆಲವೇ ವರ್ಷಗಳಲ್ಲಿ 100 ವಾಟಿನವರೆಗೆ ಹೋದನು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಜನರ ಮುಂದೆ ಬೀಟಲ್ಸ್ ನುಡಿಸಿದಾಗ ಅವರ ಬಳಿ 100 ವಾಟಿನ ಪೆಟ್ಟಿಗೆಗಳೇ ಇದ್ದವು. ಆದರೂ ಕೂಗಾಟದಲ್ಲಿ ಸಂಗೀತ ಮುಳುಗಿಹೋಯಿತು.

ಅಂದಿನ ದಿನಗಳಲ್ಲಿ ಸಭಾಂಗಣದ ಧ್ವನಿವರ್ಧಕವಿದ್ದುದು ಮುಖ್ಯವಾಗಿ ಹಾಡುಗಾರನ ಕಂಠಕ್ಕೆ. ಗಿಟಾರಿನ ನಾದವನ್ನು ಕೊನೆಯ ಸಾಲಿನವರೆಗೆ ತಲುಪಿಸುವ ಭಾರವೆಲ್ಲ ವೇದಿಕೆಯ ಮೇಲಿನ ಪೆಟ್ಟಿಗೆಯದೇ ಆಗಿತ್ತು. ಇಂದು ಪರಿಸ್ಥಿತಿ ಬೇರೆ. ಆಂಪ್ಲಿಫೈಯರಿನ ಮುಂದೆ ಒಂದು ಮೈಕು ಇಟ್ಟರೆ, ಅಥವಾ ಅದರ ಹಿಂಬದಿಯಿಂದ ಒಂದು ತಂತಿ ಎಳೆದು ಮಿಕ್ಸರಿಗೆ ಜೋಡಿಸಿದರೆ, ಉಳಿದ ಕೆಲಸವನ್ನು ಸಭಾಂಗಣದ ವ್ಯವಸ್ಥೆಯೇ ಮಾಡುತ್ತದೆ. ದೊಡ್ಡ ಪೆಟ್ಟಿಗೆಗೆ ಇದ್ದ ಕಾರಣ ಬಹುಮಟ್ಟಿಗೆ ಹೋಯಿತು. ಅದರ ಮೇಲಿನ ಮೋಹ ಮಾತ್ರ ಉಳಿಯಿತು.

ವಾಟಿನ ಲೆಕ್ಕದಲ್ಲಿ ಇನ್ನೊಂದು ಮರ್ಮವುಂಟು. 100 ವಾಟಿನ ಪೆಟ್ಟಿಗೆ 50 ವಾಟಿನದಕ್ಕಿಂತ ಎರಡು ಪಟ್ಟು ಜೋರಾಗಿ ಕೇಳಿಸುವುದಿಲ್ಲ. ಶಕ್ತಿ ಇಮ್ಮಡಿಯಾದಾಗ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ತುಸು ಹೆಚ್ಚಾಯಿತು’ ಎನಿಸುವಷ್ಟೇ. ಎರಡು ಪಟ್ಟು ಜೋರು ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಅಂದರೆ 100 ವಾಟಿನ ಅರ್ಧದಷ್ಟು ಜೋರು ಬೇಕಾದವನಿಗೆ 10 ವಾಟ್ ಸಾಕು! ಇದಕ್ಕಿಂತ ಮುಖ್ಯವಾದುದು ಒಳಗಿರುವ ಸ್ಪೀಕರಿನ ದಕ್ಷತೆ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಒಂದು ಸ್ಪೀಕರ್ 97 ಡೆಸಿಬೆಲ್, ಮತ್ತೊಂದು 100 ಡೆಸಿಬೆಲ್ ಕೊಡುವುದುಂಟು. ಎರಡನೆಯದನ್ನು ಹೊಂದಿದ 15 ವಾಟಿನ ಪೆಟ್ಟಿಗೆ, ಮೊದಲನೆಯದನ್ನು ಹೊಂದಿದ 30 ವಾಟಿನ ಪೆಟ್ಟಿಗೆಗೆ ಸರಿಸಮ. ಕೊಳ್ಳುವವರು ವಾಟಿನ ಜೊತೆಗೆ ಈ ಅಂಕಿಯನ್ನೂ ಕೇಳಿ ತಿಳಿಯುವುದು ಜಾಣತನ.

ಇನ್ನು ಎಷ್ಟು ವಾಟ್ ಬೇಕೆಂಬುದನ್ನು ನಿರ್ಧರಿಸುವವನು ಗಿಟಾರಿನವನಲ್ಲ, ಡ್ರಮ್ ಬಾರಿಸುವವನು. ಗೋಷ್ಠಿಯಲ್ಲಿ ಡ್ರಮ್ ಇಲ್ಲದಿದ್ದರೆ, ತಬಲಾ ಅಥವಾ ಒಂದು ಕಂಠದ ಜೊತೆಗಷ್ಟೇ ನುಡಿಸುವುದಾದರೆ, 10ರಿಂದ 20 ವಾಟಿನ ಸಾಧಾರಣ ಟ್ರಾನ್ಸಿಸ್ಟರ್ ಪೆಟ್ಟಿಗೆ ಸಾಕು. ಡ್ರಮ್ ಇದ್ದರೆ ವಾಲ್ವಿನದಾದರೆ 15 ವಾಟ್, ಟ್ರಾನ್ಸಿಸ್ಟರಿನದಾದರೆ 40ರಿಂದ 50 ವಾಟ್ ಬೇಕಾದೀತು. ಈ ವ್ಯತ್ಯಾಸವೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಮಿತಿ ಮೀರಿದಾಗ ವಾಲ್ವು ಮೆಲ್ಲಮೆಲ್ಲನೆ ಒಡೆಯುತ್ತದೆ, ಆ ಒಡಕು ಕಿವಿಗೆ ಇಂಪಾಗಿರುತ್ತದೆ; ಆದ್ದರಿಂದ ಅದರ ಶಕ್ತಿಯನ್ನು ಕೊನೆಯವರೆಗೂ ಬಳಸಬಹುದು. ಸಾಮಾನ್ಯ ಟ್ರಾನ್ಸಿಸ್ಟರು ಮಿತಿ ಮೀರಿದೊಡನೆ ಕರ್ಕಶವಾಗುವುದರಿಂದ ಒಂದಿಷ್ಟು ಶಕ್ತಿಯನ್ನು ಮೀಸಲಾಗಿ ಇರಿಸಿಕೊಳ್ಳಬೇಕು. 50 ವಾಟಿನ ವಾಲ್ವ್ ಪೆಟ್ಟಿಗೆ ಸಣ್ಣ ಕೋಣೆಯಲ್ಲಿ ವ್ಯರ್ಥವಾಗುವುದೂ ಇದೇ ಕಾರಣದಿಂದ. ಅದರ ನಾದ ಅರಳುವ ಮಟ್ಟಕ್ಕೆ ತಿರುಪನ್ನು ತಿರುಗಿಸುವ ಮೊದಲೇ ಕೇಳುಗರು ಎದ್ದು ಹೋಗಿರುತ್ತಾರೆ.

ವಾಲ್ವ್ ಪೆಟ್ಟಿಗೆಯ ಬೆಲೆ ಹೆಚ್ಚು, ತೂಕವೂ ಹೆಚ್ಚು. ವಾಲ್ವುಗಳು ಕಾಲಕ್ರಮದಲ್ಲಿ ಸವೆದು ಬದಲಿ ಬೇಡುತ್ತವೆ. ಮಿತವ್ಯಯದ ಸಂಸಾರಕ್ಕೆ ಇಂದು ಹೆಚ್ಚು ಒಪ್ಪುವುದು ವಾಲ್ವಿನ ನಾದವನ್ನು ಗಣಕದ ತಂತ್ರದಿಂದ ಅನುಕರಿಸುವ ಹೊಸ ಬಗೆಯ ಪೆಟ್ಟಿಗೆ. ಉದಾಹರಣೆಗೆ, ಬಾಸ್ ಸಂಸ್ಥೆಯ ಕಟಾನಾ ಮಾಲಿಕೆಯ 50 ವಾಟಿನ ಪೆಟ್ಟಿಗೆಯ ಶಕ್ತಿಯನ್ನು ಒಂದು ಗುಂಡಿಯಿಂದ 25 ವಾಟಿಗೂ ಅರ್ಧ ವಾಟಿಗೂ ಇಳಿಸಬಹುದು. ಸಂಜೆ ಸಭಾಂಗಣದಲ್ಲಿ ನುಡಿಸಿದ ಪೆಟ್ಟಿಗೆಯೇ ರಾತ್ರಿ ಮನೆಯ ಅಭ್ಯಾಸಕ್ಕೂ ಒದಗುತ್ತದೆ. ಅದರ ಭಾರ 12 ಕಿಲೋಗ್ರಾಮಿನ ಆಸುಪಾಸು. 1975ರಲ್ಲಿ ಬಂದ ಪ್ರಸಿದ್ಧ ರೋಲ್ಯಾಂಡ್ ಜಾಜ್ ಕೋರಸ್ 120 ವಾಟಿನದು. ಅದರ ಭಾರ ಸುಮಾರು 28 ಕಿಲೋಗ್ರಾಂ. ಮೂರನೆಯ ಮಹಡಿಯಿಂದ ಪೆಟ್ಟಿಗೆಯನ್ನು ಇಳಿಸಿ ಆಟೋರಿಕ್ಷಾದಲ್ಲಿ ಇಡಬೇಕಾದವರಿಗೆ ಈ ಅಂತರ ಎಷ್ಟೆಂದು ಹೇಳಬೇಕಾಗಿಲ್ಲ.

ಕೊಳ್ಳುವ ಮೊದಲು ಗಿಟಾರ್ ಯಾವ ಜಾತಿಯದೆಂಬುದನ್ನೂ ನೋಡಬೇಕು. ಟೊಳ್ಳು ಮರದ ಸಾಮಾನ್ಯ ಗಿಟಾರಿಗೆ ಪಿಕಪ್ ಕೂಡಿಸಿದ್ದರೆ, ಅದಕ್ಕೆ ವಿದ್ಯುತ್ ಗಿಟಾರಿನ ಆಂಪ್ಲಿಫೈಯರ್ ಹೊಂದುವುದಿಲ್ಲ. ವಿದ್ಯುತ್ ಗಿಟಾರಿನ ಸ್ಪೀಕರು ಮೇಲಿನ ಸೂಕ್ಷ್ಮ ಸ್ವರಾಂಶಗಳನ್ನು ಬೇಕೆಂದೇ ಕತ್ತರಿಸಿಬಿಡುತ್ತದೆ. ಟೊಳ್ಳು ಗಿಟಾರಿನ ಸೊಗಸಿರುವುದೇ ಅಲ್ಲಿ. ಅದಕ್ಕೆಂದೇ ಮಾಡಿದ, ಮೈಕಿಗೂ ಜಾಗವಿರುವ ಪೆಟ್ಟಿಗೆಗಳು ಬೇರೆ ಇವೆ. ಹಾಡುತ್ತ ನುಡಿಸುವವರಿಗೆ ಅಂಥದೊಂದು ಪೆಟ್ಟಿಗೆ ಎರಡರ ಕೆಲಸ ಮಾಡೀತು.

ಅಂಗಡಿಯ ಗಿಟಾರಿನಲ್ಲಿ ಪರೀಕ್ಷೆ ಮಾಡುವುದು ಬೇಡ. ಮಗಳು ಅಥವಾ ಮಗ ತನ್ನದನ್ನೇ ಒಯ್ಯಲಿ. ಸದ್ದನ್ನು ಗೋಷ್ಠಿಯ ಮಟ್ಟಕ್ಕೆ ಏರಿಸಿ, ಹತ್ತು ಅಡಿ ದೂರದಲ್ಲಿ ನಿಂತು ಕೇಳಬೇಕು. ನುಡಿಸುವುದನ್ನು ನಿಲ್ಲಿಸಿದಾಗ ಎಷ್ಟು ಗುಂಯ್‌ಗುಟ್ಟುತ್ತದೆ, ತಿರುಪುಗಳನ್ನು ತಿರುಗಿಸುವಾಗ ಕರಕರ ಶಬ್ದ ಬರುತ್ತದೆಯೇ ಎಂಬುದನ್ನು ಗಮನಿಸಬೇಕು. ಹಳೆಯ ಪೆಟ್ಟಿಗೆಯಾದರೆ ಕನಿಷ್ಠ ಅರ್ಧ ಗಂಟೆ ನಡೆಸಿ ನೋಡಬೇಕು. ಬಿಸಿಯಾದ ಮೇಲೆಯೇ ಹಲವು ದೋಷಗಳು ಹೊರಬೀಳುವುದು.

ಪರದೇಶದಲ್ಲಿರುವ ಬಂಧುಗಳಿಂದ ಆಂಪ್ಲಿಫೈಯರ್ ತರಿಸುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟ್, ಭಾರತದ್ದು 230. ಅಲ್ಲಿಗೆಂದೇ ಮಾಡಿದ ಪೆಟ್ಟಿಗೆಯನ್ನು ನೇರವಾಗಿ ಇಲ್ಲಿಯ ಗೋಡೆಗೆ ಜೋಡಿಸಿದರೆ ಮೊದಲ ಸ್ವರಕ್ಕೂ ಮುನ್ನವೇ ಅದು ಸುಟ್ಟುಹೋಗಬಹುದು. ವೋಲ್ಟೇಜ್ ಇಳಿಸುವ, ಸಾಕಷ್ಟು ಸಾಮರ್ಥ್ಯದ ಟ್ರಾನ್ಸ್‌ಫಾರ್ಮರಿನ ಬೆಲೆ ಮತ್ತು ಭಾರವನ್ನು ಕೂಡಿಸಿದರೆ ‘ಅಗ್ಗ’ ಎಂಬುದು ಅಗ್ಗವಾಗಿ ಉಳಿಯದು.

ಇದಕ್ಕಿಂತ ಮುಖ್ಯವಾದುದು ಅರ್ತಿಂಗ್. ಗಿಟಾರಿನ ತಂತಿಯ ಮೇಲೆ ಬೆರಳು, ಮೈಕಿನ ಮೇಲೆ ತುಟಿ: ಇವೆರಡರ ನಡುವೆ ವಿದ್ಯುತ್ತು ಹರಿದರೆ ಪ್ರಾಣಕ್ಕೇ ಅಪಾಯ. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ಲಿ ಹಾರ್ವೆ ಎಂಬ ಗಿಟಾರ್ ವಾದಕ, ಅರ್ತಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಮರಣ ಹೊಂದಿದನು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪ ಕಡ್ಡಿಯನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಸಿಕ್ಕಿಸುವ ಚಮತ್ಕಾರವನ್ನು ಯಾವ ಪೆಂಡಾಲಿನಲ್ಲಿಯೂ ಮಾಡಕೂಡದು. ಆಂಪ್ಲಿಫೈಯರ್ ಕೊಳ್ಳುವ ದಿನವೇ ಕೆಲವು ನೂರು ರೂಪಾಯಿಯ ಸಾಕೆಟ್ ಪರೀಕ್ಷಕವೊಂದನ್ನು ಚೀಲಕ್ಕೆ ಸೇರಿಸುವುದು ಒಳ್ಳೆಯದು.

ಕಿವಿಯ ಮಾತೂ ಇದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆಂದು ಅಮೆರಿಕದ ಉದ್ಯೋಗ ಸುರಕ್ಷತೆಯ ತಜ್ಞರ ಸಲಹೆ. ಮೇಲೆ ಏರಿದ ಪ್ರತಿ 3 ಡೆಸಿಬೆಲಿಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ತಲುಪಿದಾಗ ಉಳಿಯುವುದು 15 ನಿಮಿಷ ಮಾತ್ರ. ಒಮ್ಮೆ ಕೆಟ್ಟ ಒಳಗಿವಿಯ ನರಕೋಶಗಳು ಮರಳಿ ಬೆಳೆಯುವುದಿಲ್ಲ. ಪೆಟ್ಟಿಗೆಯನ್ನು ನೆಲದ ಮೇಲಿಟ್ಟರೆ ಅದರ ಸದ್ದು ವಾದಕನ ಮೊಣಕಾಲಿಗೂ ಮುಂದಿನ ಸಾಲಿನವರ ಕಿವಿಗೂ ಹೊಡೆಯುತ್ತದೆ. ತನಗೆ ಕೇಳಿಸದೆಂದು ಆತ ಇನ್ನಷ್ಟು ಏರಿಸುತ್ತಾನೆ. ಗಟ್ಟಿಯಾದ ಕುರ್ಚಿಯೊಂದರ ಮೇಲೆ, ಮುಖ ತುಸು ಮೇಲೆತ್ತಿ ಇಟ್ಟರೆ ಅರ್ಧ ಸದ್ದಿನಲ್ಲಿಯೇ ತೃಪ್ತಿ ದೊರಕುತ್ತದೆ.

ಸಣ್ಣ ಸಭೆಗೆ ಬಂದವರು ಹಾಡಿನ ಮಾತನ್ನೂ ಕೇಳಲು ಬಂದವರು. ಗಿಟಾರ್ ಆ ಮಾತನ್ನು ಮುಚ್ಚದಂತೆ ನುಡಿಯಬಲ್ಲ ಪೆಟ್ಟಿಗೆಯೇ ಆ ಸಭೆಗೆ ತಕ್ಕ ಪೆಟ್ಟಿಗೆ. ಉಳಿದ ಹಣದಲ್ಲಿ ಒಂದು ಒಳ್ಳೆಯ ಕೇಬಲ್ಲು ಕೊಂಡು, ಇನ್ನೊಂದು ವರ್ಷದ ಪಾಠದ ಶುಲ್ಕ ಕಟ್ಟಿದರೆ ಅದು ಯಾವ 100 ವಾಟಿಗಿಂತಲೂ ದೂರ ಕೇಳಿಸೀತು.