ಒಂದೇ ಮಾತಿನಲ್ಲಿ ಹೇಳಿ ಎಂಬ ಹಟ

ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತವಾಗಿದೆ ಎಂಬ ಸುದ್ದಿ ಬಂದ ದಿನ ಮುಂಬಯಿಯ ಕನ್ನಡ ಮನೆಗಳಲ್ಲಿ ಎರಡು ಕೆಲಸಗಳು ತಪ್ಪದೆ ನಡೆಯುತ್ತವೆ. ಒಂದು, ಹವಾಮಾನ ಇಲಾಖೆಯನ್ನು ಗೇಲಿ ಮಾಡುವುದು. ಇನ್ನೊಂದು, ಊರಿಗೆ ಫೋನು ಮಾಡಿ ತೀರ್ಪು ಕೊಡುವುದು. ಈ ಎರಡನ್ನೂ ನಾವು ಬಹುಕಾಲದಿಂದ ಮಾಡಿಕೊಂಡು ಬಂದವರು. ಇತರರತ್ತ ಬೆರಳು ತೋರಿಸುವ ಮೊದಲು ಅದನ್ನು ಒಪ್ಪಿಕೊಂಡುಬಿಡುವುದೇ ಲೇಸು.

ಕಳೆದ ತಿಂಗಳ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ಹಳೆಯ ಮಾತನ್ನೇ ಆಡಿದರು: "ಅವರು ಮಳೆ ಅಂದರೆ ನಾನು ಕೊಡೆ ಮನೆಯಲ್ಲೇ ಬಿಟ್ಟು ಹೊರಡ್ತೇನೆ ಮಾರಾಯ್ರೆ." ಎಲ್ಲರೂ ನಕ್ಕೆವು. ಮತ್ತೊಬ್ಬರು ಅದಕ್ಕೆ ಒಗ್ಗರಣೆ ಹಾಕಿದರು: "೨೦೨೦ರಲ್ಲಿ ನಿಸರ್ಗ ಬರ್ತದೆ, ನಿಸರ್ಗ ಬರ್ತದೆ ಅಂತ ಊರೆಲ್ಲ ಹೆದರಿಸಿದರು. ಎಂತ ಬಂತು?" ಆ ಪ್ರಶ್ನೆಗೆ ಅಲ್ಲಿ ಯಾರೂ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತಿದ್ದೇವೆ.

ಎಂತ ಬಂತು ಎಂದು ಶ್ರೀವರ್ಧನದ ಅಡಿಕೆ ತೋಟದವರನ್ನು ಕೇಳಬೇಕು. ನಿಸರ್ಗ ಚಂಡಮಾರುತ (ಹೆಸರು ಬಾಂಗ್ಲಾದೇಶ ಕೊಟ್ಟದ್ದು, ಆದರೂ ನಮ್ಮ ಮಕ್ಕಳ ಕನ್ನಡ ಪಾಠದ ಶಬ್ದವೇ ಅದು) ೨೦೨೦ರ ಜೂನ್ ೩ರ ಮಧ್ಯಾಹ್ನ ಆಲಿಬಾಗಿನ ದಕ್ಷಿಣಕ್ಕೆ ನೆಲಕ್ಕೆ ಬಂತು. ಗಾಳಿಯ ವೇಗ ಗಂಟೆಗೆ ೧೦೦ ಕಿಲೋಮೀಟರಿಗೂ ಹೆಚ್ಚು. ಶ್ರೀವರ್ಧನ, ಮುರುಡ, ದಿವೆ ಆಗರಗಳಲ್ಲಿ ತೆಂಗು ಅಡಿಕೆ ಮರಗಳು ನೆಲಕಚ್ಚಿದವು. ಅಡಿಕೆ ಮರ ಫಲಕ್ಕೆ ಬರಲು ಎಷ್ಟು ವರ್ಷ ಬೇಕು ಎಂಬುದನ್ನು ದಕ್ಷಿಣ ಕನ್ನಡ, ಉತ್ತರ ಕನ್ನಡಗಳಿಂದ ಬಂದ ನಮ್ಮವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕೊಲಾಬಾದಿಂದ ಆಲಿಬಾಗಿಗೆ ಕಡಲ ಮೇಲೆ ಬಿಟ್ಟರೆ ಸುಮಾರು ಮೂವತ್ತು ಕಿಲೋಮೀಟರು. ಮುಂಬಯಿ ಉಳಿದದ್ದು ಅಷ್ಟರಲ್ಲಿ. ಆ ಅಂತರವನ್ನು ನಾವು ಇಲಾಖೆಯ ಸುಳ್ಳು ಎಂದು ಕರೆಯುತ್ತಿದ್ದೇವೆ.

ಇಲಾಖೆ ಹೇಳಿದ್ದಾದರೂ ಏನು? ಹರಿಹರೇಶ್ವರದಿಂದ ದಮಣದವರೆಗಿನ ಕರಾವಳಿಯಲ್ಲಿ, ಆಲಿಬಾಗಿನ ಸಮೀಪ, ಜೂನ್ ೩ರ ಮಧ್ಯಾಹ್ನ ದಾಟುವುದು ಎಂದು. ಇನ್ನೂರೈವತ್ತು ಕಿಲೋಮೀಟರಿಗೂ ಉದ್ದದ ಆ ಪಟ್ಟಿಯ ನಡುವೆ ಮುಂಬಯಿ ಇತ್ತು. ಹೆಸರು ಹಿಡಿದು ಹೇಳಿದ ಊರು ಆಲಿಬಾಗು. ಚಂಡಮಾರುತ ಹೇಳಿದ ಹೊತ್ತಿಗೆ, ಹೇಳಿದ ಊರಿನ ಪಕ್ಕಕ್ಕೇ ಬಂತು. ಇದಕ್ಕಿಂತ ಸರಿಯಾದ ಮುನ್ಸೂಚನೆ ಇನ್ನು ಹೇಗಿರುತ್ತದೆ? ಆದರೆ ಟಿ.ವಿ.ಯವರು 'ಮುಂಬಯಿಗೆ ಗಂಡಾಂತರ' ಎಂದರು, ನಾವು ಅದನ್ನೇ ಕೇಳಿದೆವು. ಮರುದಿನ ಅಂಗಳ ನೋಡಿ, ಮರ ನಿಂತೇ ಇದೆಯಲ್ಲ ಎಂದು ಇಲಾಖೆಯನ್ನು ಬೈದೆವು.

ಆ ಬೈಗುಳದ ಬೆಲೆ ಎಷ್ಟು ಎಂಬುದು ಹನ್ನೊಂದು ತಿಂಗಳ ನಂತರ ಗೊತ್ತಾಯಿತು.

೨೦೨೧ರ ಮೇ ೧೪ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿದು, ಮರುದಿನದ ಹೊತ್ತಿಗೆ ತೌಕ್ತೆ ಎಂಬ ಹೆಸರು ಪಡೆಯಿತು. ಗಾಳಿ ಗಂಟೆಗೆ ೬೨ ಕಿಲೋಮೀಟರು ಮುಟ್ಟಿದರೆ ಹೆಸರಿಡುವುದು ನಮ್ಮ ಸಮುದ್ರಗಳಲ್ಲಿ ಪದ್ಧತಿ. ಈ ಹೆಸರು ಮ್ಯಾನ್ಮಾರಿನದು, ಅರ್ಥ ಹಲ್ಲಿ. ಅದು ಗುಜರಾತಿಗೆ ಹೋಗುವುದು, ಮುಂಬಯಿಯ ಪಶ್ಚಿಮಕ್ಕೆ ಕಡಲಲ್ಲೇ ಸಾಗುವುದು ಎಂದು ಮುನ್ಸೂಚನೆ. ಹಾಗೆಯೇ ಆಯಿತು. ಅದರ ಕಣ್ಣು ಮುಂಬಯಿಯ ನೆಲವನ್ನು ಮುಟ್ಟಲೇ ಇಲ್ಲ. ಆದರೂ ಮೇ ೧೭ರ ಮಧ್ಯಾಹ್ನ ಕೊಲಾಬಾದಲ್ಲಿ ಗಾಳಿಯ ವೇಗ ೧೧೪ ಕಿಲೋಮೀಟರು ದಾಖಲಾಯಿತು, ಮರುದಿನ ಬೆಳಗಿನವರೆಗೆ ಸಾಂತಾಕ್ರೂಜಿನಲ್ಲಿ ೨೩೦ ಮಿಲಿಮೀಟರು ಮಳೆ ಸುರಿಯಿತು. ನಗರದಲ್ಲಿ ನೂರಾರು ಮರಗಳು ಬಿದ್ದವು.

ಇದಕ್ಕೆ ಕಾರಣ ಗೂಢವೇನಲ್ಲ. ನಮ್ಮ ಉತ್ತರಾರ್ಧ ಗೋಲದಲ್ಲಿ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಅದು ಮುಂದೆ ಸಾಗುವ ದಿಕ್ಕಿನ ಬಲಗಡೆ, ಸುತ್ತುವ ಗಾಳಿಗೆ ಸಾಗುವ ವೇಗವೂ ಕೂಡಿಕೊಳ್ಳುತ್ತದೆ. ಎಡಗಡೆ ಅಷ್ಟು ಕಳೆದುಹೋಗುತ್ತದೆ. ನಿಸರ್ಗ ಈಶಾನ್ಯಕ್ಕೆ ಸಾಗಿದಾಗ ಶ್ರೀವರ್ಧನ ಬಲಕ್ಕಿತ್ತು, ಮುಂಬಯಿ ಎಡಕ್ಕಿತ್ತು. ತೌಕ್ತೆ ಉತ್ತರಕ್ಕೆ ಸಾಗಿದಾಗ ಮುಂಬಯಿ ಬಲಕ್ಕಿತ್ತು. ನಕ್ಷೆಯ ಗೆರೆ ದಾಟಿಹೋಗುವ ದಾರಿಯನ್ನಷ್ಟೇ ತೋರಿಸುತ್ತದೆ, ಗಾಳಿಯ ಅಗಲವನ್ನಲ್ಲ.

ನಿಸರ್ಗದ ದಿನ ನಮ್ಮ ಕಟ್ಟಡದವರು ಬಕೆಟ್ಟುಗಳಲ್ಲಿ ನೀರು ತುಂಬಿಸಿಟ್ಟು, ಕಿಟಕಿ ಗಾಜಿಗೆ ಅಂಟುಪಟ್ಟಿ ಹಚ್ಚಿ, ಗೇಟಿನ ಬಳಿಯ ತಗಡಿನ ಕೋಣೆಯಲ್ಲಿರುವ ವಾಚ್‌ಮನ್ನನನ್ನು ಮೆಟ್ಟಿಲ ಬುಡಕ್ಕೆ ಕರೆದು ಕೂರಿಸಿದ್ದೆವು. ಆತ ಯಾದಗಿರಿ ಕಡೆಯವನು. ನಮ್ಮೊಡನೆ ಕನ್ನಡ ಮಾತಾಡುವುದೇ ಅವನಿಗೊಂದು ಹಬ್ಬ. ತೌಕ್ತೆಯ ದಿನ ಅವನನ್ನು ಯಾರೂ ಕರೆಯಲಿಲ್ಲ. ಕಳೆದ ಸಲ ಸುಮ್ಮನೆ ಗದ್ದಲವಾಯಿತು, ಈ ಸಲದ್ದು ಗುಜರಾತಿಗೆ ಹೋಗುವಂಥದ್ದು ಎಂದು ಎಲ್ಲರ ಲೆಕ್ಕ. ಮಧ್ಯಾಹ್ನ ಗುಲ್‌ಮೊಹರ್ ಮರ ಬುಡಸಮೇತ ಕಿತ್ತು ಆ ತಗಡಿನ ಮೇಲೆ ಬಿತ್ತು. ನೀರಿನ ಪಂಪು ನೋಡಲೆಂದು ಆತ ಹಿಂಬದಿಗೆ ಹೋಗಿದ್ದ. ನಾವು ಮಾಡಿದ್ದರಿಂದ ಅವನು ಉಳಿದದ್ದಲ್ಲ. "ಪುಣ್ಯ ಸಾಹೇಬ್ರೆ" ಎಂದು ಅವನೇ ನಮ್ಮನ್ನು ಸಮಾಧಾನ ಪಡಿಸಿದ. ಕೊಡೆಯ ಹಾಸ್ಯ ನಮಗೆ ಆ ದಿನದಿಂದ ರುಚಿಸುತ್ತಿಲ್ಲ.

ಅದೇ ದಿನ ಮುಂಬಯಿಯಿಂದಾಚೆಯ ಕಡಲಿನ ತೈಲಕ್ಷೇತ್ರದಲ್ಲಿ ಪಿ-೩೦೫ ಎಂಬ ಬಾರ್ಜು ಮುಳುಗಿತು. ಅದರಲ್ಲಿ ೨೬೧ ಜನರಿದ್ದರು. ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮುನ್ನೆಚ್ಚರಿಕೆ ಮೇ ೧೪ರಿಂದಲೇ ಹೊರಟಿತ್ತು. ತಪ್ಪು ಯಾರದ್ದು ಎಂಬುದು ವಿಚಾರಣೆಯವರ ಪಾಲು. ಎಚ್ಚರಿಕೆ ಇರಲಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ.

ಇನ್ನು ಊರಿಗೆ ಫೋನು ಮಾಡುವ ವಿಷಯ. ತೌಕ್ತೆ ಮುಂಬಯಿಗೆ ಬರುವ ಎರಡು ದಿನ ಮೊದಲು ನಮ್ಮ ಕರಾವಳಿಯ ಎದುರಿನಿಂದಲೇ ಹಾದುಹೋದದ್ದು. ಮೇ ೧೫ರಂದು ಉಳ್ಳಾಲದಲ್ಲಿ, ಸೋಮೇಶ್ವರದಲ್ಲಿ ಕಡಲು ಮನೆಯ ಬಾಗಿಲಿಗೆ ಬಂತು. ಒಂದು ಟಗ್ಗು ಮಗುಚಿ ಜೀವಹಾನಿಯಾಯಿತು. ಇನ್ನೊಂದು ಟಗ್ಗು ಕಾಪುವಿನ ಬಂಡೆಗಳ ನಡುವೆ ಸಿಕ್ಕಿಬಿದ್ದು, ಅದರಲ್ಲಿದ್ದ ಒಂಬತ್ತು ಮಂದಿಯನ್ನು ಮೇ ೧೭ರಂದು ಮೇಲಕ್ಕೆತ್ತಿದರು. ಅದರ ಹಿಂದಿನ ಸಂಜೆಗಳಲ್ಲಿ ಮಲ್ಪೆ, ಗಂಗೊಳ್ಳಿಗಳಿಂದ ಎಷ್ಟು ಮನೆಗಳವರು ನಮ್ಮನ್ನು ಕೇಳಿದ್ದರು! "ನೀವು ಬೊಂಬಾಯಲ್ಲಿ ಇರುವವರು, ನಿಮಗೆ ಗೊತ್ತಿರ್ತದೆ. ಬರ್ತದಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ ಮಾರಾಯ್ರೆ." ನಾವೂ ದೊಡ್ಡ ಪಟ್ಟಣದ ಗತ್ತಿನಲ್ಲಿ ಒಂದೇ ಮಾತಿನಲ್ಲಿ ಹೇಳಿದೆವು: "ಎಂತದೂ ಬರುವುದಿಲ್ಲ, ಗುಜರಾತಿಗೆ ಹೋಗ್ತದೆ." ಗುಜರಾತಿಗೆ ಹೋಗುವಂಥದ್ದು ಮಲ್ಪೆಯ ಎದುರಿನಿಂದಲೇ ಹೋಗಬೇಕಷ್ಟೆ! ಇಷ್ಟು ನಮಗೆ ಹೊಳೆಯಲಿಲ್ಲ.

ಈ 'ಒಂದೇ ಮಾತು' ಎಂಬುದೇ ನಮ್ಮ ಜಗಳದ ಮೂಲ. ಚಂಡಮಾರುತ ತನ್ನ ಕಾಲ ಮೇಲೆ ನಡೆಯುವುದಿಲ್ಲ. ಹೊಳೆಯ ಸುಳಿಯನ್ನು ಹೊಳೆಯೇ ಕೊಂಡೊಯ್ಯುವ ಹಾಗೆ ಅದನ್ನು ಸುತ್ತಲಿನ ಎತ್ತರದ ಗಾಳಿಗಳು ಕೊಂಡೊಯ್ಯುತ್ತವೆ. ಆ ಗಾಳಿಗಳು ಬಲವಾಗಿ ಒಂದೇ ಕಡೆ ಬೀಸಿದರೆ ದಾರಿ ಹೇಳುವುದು ಸುಲಭ. ಎರಡು ಕಡೆಯ ಎಳೆತಕ್ಕೆ ಸಿಕ್ಕಿದರೆ ಅದು ನಿಂತಲ್ಲೇ ನಿಲ್ಲಬಹುದು, ಹೊರಳಬಹುದು, ಬಂದ ದಾರಿಗೇ ತಿರುಗಬಹುದು. ೨೦೨೩ರ ಜೂನಿನಲ್ಲಿ ಬಿಪರ್‌ಜಾಯ್ ಹುಟ್ಟಿದ ಮೊದಲ ದಿನಗಳಲ್ಲಿ ಬೇರೆ ಬೇರೆ ದೇಶಗಳ ಗಣಕಯಂತ್ರಗಳು ಒಂದು ಒಮಾನಿನ ಕಡೆ, ಒಂದು ಪಾಕಿಸ್ತಾನದ ಕಡೆ, ಒಂದು ಗುಜರಾತಿನ ಕಡೆ ಕೈ ತೋರಿಸುತ್ತಿದ್ದವು. ಹತ್ತು ದಿನ ಕಡಲಲ್ಲೇ ಅಲೆದು ಜೂನ್ ೧೫ರ ಸಂಜೆ ಅದು ಕಚ್ಛದ ಜಖಾವು ಬಳಿ ದಡ ಹತ್ತಿತು. ಮೊದಲ ದಿನವೇ ಜಖಾವು ಎಂದು ಹೇಳಬಲ್ಲವನು ಹವಾಮಾನ ತಜ್ಞನಲ್ಲ, ಗಿಣಿಶಾಸ್ತ್ರದವನು.

ಇಲಾಖೆಯ ನಕ್ಷೆಯಲ್ಲಿ ಗೆರೆಯ ಸುತ್ತ ಬೀಸಣಿಗೆಯಂತೆ ಅಗಲವಾಗುತ್ತ ಹೋಗುವ ಬಣ್ಣದ ಪಟ್ಟಿಯೊಂದಿದೆ. ನಾವು ಅದನ್ನು ಅಲಂಕಾರವೆಂದು ತಿಳಿದಿದ್ದೇವೆ. ಅದು ಇಲಾಖೆಯವರು ತಮ್ಮ ಹಿಂದಿನ ತಪ್ಪುಗಳನ್ನು ಕೂಡಿ ಭಾಗಿಸಿ ಬಹಿರಂಗವಾಗಿ ಬರೆದ ಲೆಕ್ಕ. ಈಚಿನ ವರ್ಷಗಳಲ್ಲಿ ಒಂದು ದಿನ ಮುಂಚಿನ ಮುನ್ಸೂಚನೆಯಲ್ಲಿ ಕೇಂದ್ರದ ಜಾಗ ಸರಾಸರಿ ಸುಮಾರು ೭೫ ಕಿಲೋಮೀಟರಿನಷ್ಟು ತಪ್ಪುತ್ತದೆ, ಮೂರು ದಿನ ಮುಂಚಿನದರಲ್ಲಿ ಸುಮಾರು ೧೫೦. ಎಂದರೆ ಒಂದು ದಿನ ಮೊದಲೂ ಮುಂಬಯಿಯೋ ಆಲಿಬಾಗೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ತನ್ನ ತಪ್ಪಿನ ಅಳತೆಯನ್ನು ಹೀಗೆ ಮುಂಚಿತವಾಗಿ ಪ್ರಕಟಿಸುವ ಇನ್ನೊಂದು ಸರಕಾರಿ ಕಚೇರಿಯನ್ನು ವಾಚಕರು ಬಲ್ಲರೆ ನಮಗೂ ತಿಳಿಸಲಿ. ನಾವು ಆ ಪಟ್ಟಿಯನ್ನು ಒರೆಸಿ, ನಡುವಿನ ಗೆರೆಯನ್ನು ಮಾತ್ರ ವಾಟ್ಸಾಪಿನಲ್ಲಿ ದಾಟಿಸುತ್ತೇವೆ.

ಸುಮ್ಮನೆ ಜನರನ್ನು ಎಬ್ಬಿಸಿ ಸಾಗಿಸಿದರೆ ಮುಂದಿನ ಸಲ ಯಾರೂ ಕದಲುವುದಿಲ್ಲ ಎಂದು ಕೆಲವು ಮಿತ್ರರು ವಾದಿಸುತ್ತಾರೆ. ಇದು ಹಗುರವಾದ ವಾದವಲ್ಲ. ೨೦೧೯ರ ಜೂನಿನಲ್ಲಿ ವಾಯು ಚಂಡಮಾರುತಕ್ಕಾಗಿ ಗುಜರಾತಿನಲ್ಲಿ ಸುಮಾರು ಮೂರು ಲಕ್ಷ ಜನರನ್ನು ಸಾಗಿಸಿದರು. ಅದು ದಡದ ಹತ್ತಿರ ಬಂದು ಹೊರಳಿ ಹೋಯಿತು. ಆದರೆ ಅದೇ ಗುಜರಾತಿನಲ್ಲಿ ೧೯೯೮ರ ಜೂನ್ ೯ರಂದು ಕಾಂಡ್ಲಾಕ್ಕೆ ಚಂಡಮಾರುತ ಬಂದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಮಂದಿ ಉಪ್ಪಿನ ಗದ್ದೆಗಳ ಕೂಲಿಗಳು. ಮೂರು ಲಕ್ಷ ಜನ ಎರಡು ರಾತ್ರಿ ಶಾಲೆಯ ಜಗಲಿಯಲ್ಲಿ ಮಲಗಿ ಮನೆಗೆ ಮರಳಿದ್ದನ್ನು ನಷ್ಟವೆನ್ನುವವರು ಈ ಕೂಲಿಗಳನ್ನು ಯಾವ ಖಾತೆಗೆ ಬರೆಯುತ್ತಾರೆ? ಜನ ಕದಲದಿರುವುದಕ್ಕೆ ಕಾರಣ ಮುನ್ಸೂಚನೆ ತಪ್ಪಿದ್ದಲ್ಲ. ತಪ್ಪಬಹುದು ಎಂಬುದನ್ನು ಅವರಿಗೆ ಯಾರೂ ಮೊದಲೇ ಹೇಳದೆ ಹೋದದ್ದು. ಈ ವಿಷಯದಲ್ಲಿ ಅಧಿಕಾರಿಗಳೂ ಪತ್ರಿಕೆಯವರೂ ನಿರ್ದೋಷಿಗಳಲ್ಲ. ಸಂದೇಹವನ್ನು ಹೇಳಿದರೆ ಜನ ಕೇಳುವುದಿಲ್ಲವೆಂದು ಅವರು ಅದನ್ನು ನುಂಗುತ್ತಾರೆ. ಜನ ದಡ್ಡರೆಂಬ ನಂಬಿಕೆ ಅದರ ಹಿಂದಿದೆ. ಕಡಲಿಗೆ ಇಳಿಯುವ ಮೊಗವೀರನಿಗೆ 'ಬಂದರೂ ಬರಬಹುದು' ಎಂಬ ಮಾತಿನ ತೂಕ ತಿಳಿಯದೆ? ಅವನ ಬದುಕೇ ಆ ಮಾತಿನ ಮೇಲೆ ನಿಂತಿದೆ.

ಟಿ.ವಿ.ಯವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೊಣಕಾಲು ನೀರಿನಲ್ಲಿ ನಿಂತು ಎದೆಮಟ್ಟದ ದನಿಯಲ್ಲಿ ಕಿರುಚುವವರಿಂದ ಹವಾಮಾನ ಕಲಿಯಲು ಹೋದವರದೇ ತಪ್ಪು.

ಆದರೆ 'ನಮ್ಮದಲ್ಲದ ಚಂಡಮಾರುತ' ಎಂಬ ಮಾತಿನ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಬಿಪರ್‌ಜಾಯ್ ಮುಂಬಯಿಯಿಂದ ನೂರಾರು ಕಿಲೋಮೀಟರು ದೂರವಿದ್ದಾಗಲೇ, ೨೦೨೩ರ ಜೂನ್ ೧೨ರಂದು, ಉಬ್ಬರಿಸಿದ ಕಡಲಿಗಿಳಿದ ನಾಲ್ವರು ಹುಡುಗರು ಜುಹೂ ತೀರದಲ್ಲಿ ಮುಳುಗಿ ಸತ್ತರು. ನಕ್ಷೆಯ ಗೆರೆ ಆಗ ಗುಜರಾತಿನತ್ತಲೇ ಇತ್ತು. ಭಾನುವಾರ ಸಂಜೆ ನಮ್ಮ ಮಕ್ಕಳು ಗಾಳಿ ತಿನ್ನಲು ಹೋಗುವುದೂ ಅಲ್ಲಿಗೇ.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಾವು ಇಟ್ಟಿರುವ ಸೂಚನೆ ಇಷ್ಟು. ಅರಬ್ಬೀ ಸಮುದ್ರದ ಚಂಡಮಾರುತಗಳ ಕಾಲವಾದ ಮೇ-ಜೂನ್ ಮತ್ತು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಕಡಲಲ್ಲಿ ವಾಯುಭಾರ ಕುಸಿತವಾದ ಕೂಡಲೇ ಇಲಾಖೆಯ ಪ್ರಕಟಣೆಯನ್ನು ಸರಳ ಕನ್ನಡಕ್ಕೆ ತಂದು ಸಂಘದ ಫಲಕದಲ್ಲೂ ಸದಸ್ಯರ ವಾಟ್ಸಾಪ್ ಬಳಗದಲ್ಲೂ ಹಾಕಬೇಕು. ಹೊರಡಿಸಿದ ದಿನ, ಗಂಟೆ ಬರೆಯಲೇಬೇಕು. ಹೆಸರು ಪಡೆದ ಚಂಡಮಾರುತಕ್ಕೆ ಮೂರು ಗಂಟೆಗೊಮ್ಮೆ ಹೊಸ ಪ್ರಕಟಣೆ ಬರುವುದರಿಂದ ನಿನ್ನೆಯ ನಕ್ಷೆ ಇಂದು ರದ್ದಿ. ಬಣ್ಣದ ಪಟ್ಟಿಯನ್ನು ಕತ್ತರಿಸಿದ ಚಿತ್ರ ಹಾಕಕೂಡದು. ಊರಿಗೆ ಫೋನು ಮಾಡುವವರು ಅದನ್ನೇ ಓದಿ ಹೇಳಲಿ, "ಬರಲೂಬಹುದು, ಬರದೆಯೂ ಇರಬಹುದು, ಬೋಟು ಮೇಲಕ್ಕೆಳೆದಿಡಿ, ನಾಳೆ ಬೆಳಿಗ್ಗೆ ಮತ್ತೆ ಮಾಡ್ತೇನೆ" ಎನ್ನಲಿ. ಆಚೆಯಿಂದ "ಇಷ್ಟು ಹೇಳಲಿಕ್ಕೆ ಬೊಂಬಾಯಿ ಯಾಕೆ ಬೇಕಿತ್ತು?" ಎಂಬ ಮಾತು ಬಂದರೆ ಕೇಳಿಸಿಕೊಳ್ಳಬೇಕು, ನಮ್ಮ ಮನೆಯಲ್ಲಿ ಈಗಾಗಲೇ ಎರಡು ಸಲ ಕೇಳಿಸಿಕೊಂಡಾಗಿದೆ.

ಇಂಗ್ಲಿಷಿನಿಂದಾಗಲಿ ಮರಾಠಿಯಿಂದಾಗಲಿ ಬೇಗ ಅನುವಾದ ಮಾಡಬಲ್ಲ ಐದಾರು ತರುಣ ತರುಣಿಯರು ಬೇಕಾಗಿದ್ದಾರೆ. ರಾತ್ರಿ ಹನ್ನೊಂದೂವರೆಯ ಪ್ರಕಟಣೆಗೂ ಎಚ್ಚರವಿರಬಲ್ಲವರಾದರೆ ಇನ್ನೂ ಒಳ್ಳೆಯದು. ಕೊಡೆಯ ಹಾಸ್ಯ ಮಾಡಿದ ಹಿರಿಯರು ತಮ್ಮ ಮೊಮ್ಮಗಳ ಹೆಸರನ್ನು ಆಗಲೇ ಬರೆಸಿದ್ದಾರೆ.