ಜುಟ್ಟು ಯಾರ ಕೈಯಲ್ಲಿ?



ಗಂಡಸು ಕೂದಲನ್ನು ಉದ್ದವಾಗಿ ಬೆಳೆಸುವುದು ಪಾಪವೇ? ಈ ಪ್ರಶ್ನೆಯನ್ನು ನನಗೆ ಬರೆದು ಕೇಳಿದವರು ಒಬ್ಬ ಹಳೆಯ ವಿದ್ಯಾರ್ಥಿ. ಅವರ ಮಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ಭುಜ ಮುಟ್ಟುವಷ್ಟು ಕೂದಲು ಬಿಟ್ಟಿದ್ದಾನೆ. ಭಾನುವಾರದ ಆರಾಧನೆಯಲ್ಲಿ ಗಿಟಾರ್ ನುಡಿಸುತ್ತಿದ್ದ ಅವನನ್ನು, ಕೂದಲು ಕತ್ತರಿಸಿಕೊಳ್ಳುವ ತನಕ ವೇದಿಕೆ ಹತ್ತಕೂಡದೆಂದು ಅವರ ಸಭೆಯ ಹಿರಿಯರು ತಡೆದಿದ್ದಾರಂತೆ. "ಸರ್, ನೀವು ನಮಗೆ ಚರಿತ್ರೆ ಕಲಿಸಿದವರು. ಇದು ದೇವರ ಆಜ್ಞೆಯೋ, ಹಿರಿಯರ ಆಜ್ಞೆಯೋ ಹೇಳಿ" ಎಂದು ಕೇಳಿದ್ದಾರೆ. ಒಬ್ಬರಿಗೆ ಬರೆಯುವ ಉತ್ತರ ಹಲವರಿಗೆ ಉಪಯೋಗವಾದೀತೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಹಿರಿಯರ ಆಜ್ಞೆ. ಕ್ರೈಸ್ತ ಚರಿತ್ರೆಯ ಎರಡು ಸಾವಿರ ವರ್ಷಗಳಲ್ಲಿ ಗಂಡಸಿನ ಕೂದಲಿನ ಅಳತೆ ಮತ್ತೆ ಮತ್ತೆ ಬದಲಾಗಿದೆ. ಬದಲಾದಾಗಲೆಲ್ಲ ಹೊಸ ಅಳತೆಯೇ ಸನಾತನವಾದದ್ದೆಂದು ಸಾರಲಾಗಿದೆ. 'ಅವನ ಜುಟ್ಟು ನನ್ನ ಕೈಯಲ್ಲಿದೆ' ಎಂದು ನಮ್ಮ ಕಡೆ ಒಂದು ಮಾತುಂಟು. ಈ ಚರಿತ್ರೆಯನ್ನು ಓದುವಾಗ ನನಗೆ ನೆನಪಾಗುವುದು ಆ ಮಾತೇ.

ಹಿರಿಯರು ಆಧಾರವಾಗಿ ಕೊಡುವುದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯವನ್ನು. ಗಂಡಸಿಗೆ ಉದ್ದಗೂದಲು ಅವಮಾನಕರವೆಂದು ಪ್ರಕೃತಿಯೇ ತಿಳಿಸುವುದಿಲ್ಲವೇ ಎಂದು ಪೌಲನು ಅಲ್ಲಿ ಕೇಳುತ್ತಾನೆ. ನಿಜ. ಆದರೆ ಬೈಬಲಿನಲ್ಲಿ ಅದೊಂದೇ ಅಧ್ಯಾಯವಿಲ್ಲವಲ್ಲ! ಅರಣ್ಯಕಾಂಡದ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ದೇವರಿಗೆ ತನ್ನನ್ನು ಮೀಸಲಿಟ್ಟುಕೊಂಡ ನಾಜೀರನು ವ್ರತದ ಅವಧಿ ಮುಗಿಯುವ ತನಕ ತಲೆಗೆ ಕ್ಷೌರದ ಕತ್ತಿಯನ್ನು ಮುಟ್ಟಿಸಕೂಡದೆಂಬ ವಿಧಿ ಅಲ್ಲಿದೆ. ಸಂಸೋನನ ಬಲ ಅವನ ಕೂದಲಿನಲ್ಲಿತ್ತು. ಸಮುವೇಲನ ತಲೆಗೆ ಕತ್ತಿ ಮುಟ್ಟಿಸುವುದಿಲ್ಲವೆಂದು ಅವನ ತಾಯಿ ಹನ್ನಳು ಹರಕೆ ಹೊತ್ತಳು. ಅಬ್ಷಾಲೋಮನ ದಟ್ಟ ಕೂದಲೂ ಅದೇ ಗ್ರಂಥದಲ್ಲಿದೆ. ಅವನದು ಬಿಂಕದ ಕೂದಲು, ಅವನು ಮರಕ್ಕೆ ಸಿಕ್ಕಿಕೊಂಡು ಸತ್ತ. ಒಂದೇ ಗ್ರಂಥದಲ್ಲಿ ಉದ್ದಗೂದಲು ಒಬ್ಬನಿಗೆ ದೀಕ್ಷೆ, ಇನ್ನೊಬ್ಬನಿಗೆ ಗರ್ವ.

ಪೌಲನ ವಿಷಯವನ್ನೇ ನೋಡೋಣ. ಹರಕೆಯೊಂದಿದ್ದ ಕಾರಣ ಅವನು ಕೆಂಖ್ರೆಯಲ್ಲಿ ಕೂದಲು ಕತ್ತರಿಸಿಕೊಂಡನೆಂದು ಅಪೊಸ್ತಲರ ಕೃತ್ಯಗಳ ಹದಿನೆಂಟನೆಯ ಅಧ್ಯಾಯವನ್ನು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಹರಕೆ ತೀರುವ ತನಕ ಆ ಕೂದಲು ಬೆಳೆದೇ ಇರಬೇಕಲ್ಲವೇ? ಇನ್ನೊಂದು ಮಾತು. ಅದೇ ಕೊರಿಂಥದ ಅಧ್ಯಾಯದಲ್ಲಿ, ಹೆಂಗಸರು ಪ್ರಾರ್ಥಿಸುವಾಗ ತಲೆಗೆ ಮುಸುಕು ಹಾಕಿಕೊಳ್ಳಬೇಕೆಂಬ ಮಾತು ಗಂಡಸಿನ ಕೂದಲಿನ ಮಾತಿಗಿಂತ ಹೆಚ್ಚು ಜಾಗ ಪಡೆದಿದೆ. ಕ್ಯಾಥೊಲಿಕ್ ಧರ್ಮಸಭೆಯ 1917ರ ಸಂಹಿತೆಯಲ್ಲಿ ಆ ನಿಯಮವಿತ್ತು, 1983ರ ಸಂಹಿತೆಯಲ್ಲಿ ಇಲ್ಲ. ಮುಸುಕಿನ ಮಾತು ಆ ಕಾಲದ ಪದ್ಧತಿ, ಕೂದಲಿನ ಮಾತು ಮಾತ್ರ ಎಲ್ಲ ಕಾಲದ ಆಜ್ಞೆ ಎಂದು ಒಂದೇ ಅಧ್ಯಾಯವನ್ನು ಎರಡಾಗಿ ಸೀಳುವುದು ಯಾವ ನ್ಯಾಯ?

ಇನ್ನು ಯೇಸುವಿನ ಚಿತ್ರ. ಸಿರಿಯಾದ ದುರಾ ಯೂರೋಪಸ್ ಎಂಬಲ್ಲಿ ಸುಮಾರು 235ರಲ್ಲಿ ಬರೆದ ಗೋಡೆಚಿತ್ರವೊಂದು ದೊರೆತಿದೆ. ಅದರಲ್ಲಿ ಯೇಸುವಿಗೆ ಗಡ್ಡವಿಲ್ಲ, ಕೂದಲು ಗಿಡ್ಡ. ಸಿನಾಯ್ ಪರ್ವತದ ಸಂತ ಕ್ಯಾಥರಿನ್ ಮಠದಲ್ಲಿರುವ ಆರನೆಯ ಶತಮಾನದ ಚಿತ್ರದಲ್ಲಿ ಗಡ್ಡವೂ ಇದೆ, ಹಿಂದಕ್ಕೆ ಇಳಿಬಿಟ್ಟ ಉದ್ದಗೂದಲೂ ಇದೆ. ಎರಡನ್ನೂ ಬರೆದವರು ಭಕ್ತರೇ. ಮುಂದೆ ಉಳಿದುಕೊಂಡದ್ದು ಉದ್ದಗೂದಲಿನ ಯೇಸು. 1940ರಲ್ಲಿ ಅಮೆರಿಕದ ವಾರ್ನರ್ ಸಾಲ್ಮನ್ ಬರೆದ ಯೇಸುವಿನ ಮುಖಚಿತ್ರ ಕೋಟಿಗಟ್ಟಲೆ ಪ್ರತಿಗಳಲ್ಲಿ ಮನೆಮನೆಗೂ ಬಂತು. ಅದರಲ್ಲಿಯೂ ಕೂದಲು ಭುಜದ ಮೇಲಿದೆ. ಅಂಥ ಚಿತ್ರಕ್ಕೆ ಗೋಡೆಯ ಮೇಲೆ ದೀಪ ಹಚ್ಚಿ, ಅದರ ಕೆಳಗೆ ನಿಂತ ಹುಡುಗನಿಗೆ 'ನಿನ್ನ ಕೂದಲು ದೇವರಿಗೆ ಅವಮಾನ' ಎಂದು ಹೇಳುವುದನ್ನು ಏನೆನ್ನಬೇಕು?

ಧರ್ಮಸಭೆಯ ಆಚಾರ್ಯರಲ್ಲಿಯೂ ಒಮ್ಮತವಿರಲಿಲ್ಲ. ಸುಮಾರು 400ರಲ್ಲಿ ಸಂತ ಅಗಸ್ಟೀನ್ ಸನ್ಯಾಸಿಗಳ ದುಡಿಮೆಯನ್ನು ಕುರಿತು ಒಂದು ಗ್ರಂಥ ಬರೆದ. ಕಾರ್ಥೇಜಿನ ಕೆಲವು ಸನ್ಯಾಸಿಗಳು ಉದ್ದಗೂದಲನ್ನು ಪಾವಿತ್ರ್ಯದ ಗುರುತಾಗಿ ಮೆರೆಸುತ್ತಿದ್ದಾರೆಂದು ಅದರಲ್ಲಿ ಚುಚ್ಚಿದ. 664ರಲ್ಲಿ ಇಂಗ್ಲೆಂಡಿನ ವಿಟ್ಬಿಯಲ್ಲಿ ಧರ್ಮಸಭೆ ಸೇರಿ ಈಸ್ಟರ್ ಹಬ್ಬದ ದಿನವನ್ನು ತೀರ್ಮಾನಿಸಿತು. ಆ ಕಾಲದ ರೋಮನ್ ಪಕ್ಷ ಮತ್ತು ಐರಿಷ್ ಪಕ್ಷಗಳ ಜಗಳದಲ್ಲಿ ಸನ್ಯಾಸಿ ತಲೆಯನ್ನು ನೆತ್ತಿಯಲ್ಲಿ ಬೋಳಿಸಬೇಕೋ, ಮುಂದಲೆಯನ್ನು ಬೋಳಿಸಬೇಕೋ ಎಂಬುದೂ ಸೇರಿತ್ತು. ಕಾನ್ಸ್ಟಾಂಟಿನೋಪಲಿನ 692ರ ಧರ್ಮಸಭೆ, ಉದ್ದಗೂದಲು ಬಿಟ್ಟು ಪಟ್ಟಣಗಳಲ್ಲಿ ಅಲೆಯುವ ವಿರಾಗಿಗಳು ಕೂದಲು ತೆಗೆಸಿ ಮಠ ಸೇರಬೇಕು, ಇಲ್ಲವಾದರೆ ಅವರನ್ನು ಓಡಿಸಬೇಕು ಎಂದು ವಿಧಿಸಿತು. ಆ ಸಭೆಯ ನಿಯಮಗಳನ್ನು ಮಾನ್ಯಮಾಡಿದ ಆರ್ಥೊಡಾಕ್ಸ್ ಸಂಪ್ರದಾಯದಲ್ಲಿಯೇ ಇಂದು ಎಷ್ಟೋ ಸನ್ಯಾಸಿಗಳು, ಪುರೋಹಿತರು ಕೂದಲು ಬೆಳೆಸಿ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ. ಪಶ್ಚಿಮದ ಸನ್ಯಾಸಿಗಳ ನೆತ್ತಿಯ ಬೋಳು ಮಾತ್ರ ಶತಮಾನಗಳ ಕಾಲ ಪವಿತ್ರವಾಗಿದ್ದು, ಪುರೋಹಿತದೀಕ್ಷೆಯ ಮೊದಲ ಮೆಟ್ಟಿಲಾಗಿದ್ದ ಆ ವಿಧಿಯನ್ನು ಪೋಪ್ ಆರನೆಯ ಪಾಲ್ 1972ರಲ್ಲಿ ಒಂದು ಆದೇಶದಿಂದ ತೆಗೆದುಹಾಕಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅರಸರ ಕಾಲದಲ್ಲಿ ಜುಟ್ಟಿನ ರಾಜಕೀಯ ಇನ್ನೂ ಸ್ಪಷ್ಟ. ಫ್ರಾಂಕರ ಮೆರೋವಿಂಜಿಯನ್ ರಾಜರಿಗೆ ಉದ್ದಗೂದಲೇ ರಾಜಚಿಹ್ನೆ. 751ರಲ್ಲಿ ಕೊನೆಯ ರಾಜ ಮೂರನೆಯ ಚಿಲ್ಡರಿಕನನ್ನು ಪೋಪರ ಸಮ್ಮತಿಯೊಂದಿಗೆ ಇಳಿಸಿದಾಗ ಅವನ ಕೂದಲು ಕತ್ತರಿಸಿ ಮಠಕ್ಕೆ ಅಟ್ಟಿದರು. 1094ರಲ್ಲಿ ಕ್ಯಾಂಟರ್ಬರಿಯ ಆನ್ಸೆಲ್ಮ್, ಉದ್ದಗೂದಲಿನ ಆಸ್ಥಾನಿಕರಿಗೆ ವಿಭೂತಿ ಬುಧವಾರದಂದು ವಿಭೂತಿಯನ್ನೇ ಕೊಡಲಿಲ್ಲ. 1102ರ ಲಂಡನ್ ಧರ್ಮಸಭೆ, ಕಿವಿಯ ಒಂದು ಭಾಗ ಕಾಣುವಂತೆ, ಕಣ್ಣು ಮುಚ್ಚದಂತೆ ಕೂದಲು ಕತ್ತರಿಸಬೇಕೆಂದು ಕಟ್ಟಳೆ ಮಾಡಿತು. ನಮ್ಮ ಶಾಲೆಗಳ ಸೂಚನಾಫಲಕ ನೆನಪಾಗುವುದಿಲ್ಲವೇ? 1105ರ ಈಸ್ಟರ್ ಹಬ್ಬದಲ್ಲಿ ನಾರ್ಮಂಡಿಯ ಕಾರೆಂಟಾನಿನಲ್ಲಿ ಬಿಷಪ್ ಸೆರ್ಲೊ ಉಪದೇಶ ಮುಗಿಸಿ, ಕತ್ತರಿ ತೆಗೆದು, ಇಂಗ್ಲೆಂಡಿನ ದೊರೆ ಒಂದನೆಯ ಹೆನ್ರಿಯ ಕೂದಲನ್ನು ತಾನೇ ಕತ್ತರಿಸಿದನೆಂದು ಚರಿತ್ರಕಾರ ಆರ್ಡೆರಿಕ್ ವಿಟಾಲಿಸ್ ಬರೆದಿದ್ದಾನೆ. ದೊರೆಯ ಜುಟ್ಟು ಧರ್ಮಗುರುವಿನ ಕೈಯಲ್ಲಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಜನರಿಗೆ ತೋರಿಸಲು ಸಾಧ್ಯವೇ?

ಮುಂದೆ ಪ್ಯೂರಿಟನರ ಕಾಲ. ವಿಲಿಯಂ ಪ್ರಿನ್ ಎಂಬ ವಕೀಲ 1628ರಲ್ಲಿ ಗಂಡಸರ ಉದ್ದನೆಯ ಮುಂಗುರುಳಿನ ವಿರುದ್ಧವೇ ಒಂದು ಪುಸ್ತಕ ಬರೆದ. 1649ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರ್ ಜಾನ್ ಎಂಡಿಕಾಟ್ ಮತ್ತು ಅಧಿಕಾರಿಗಳು ಉದ್ದಗೂದಲಿನ ವಿರುದ್ಧ ಘೋಷಣೆಗೆ ಸಹಿ ಹಾಕಿದರು. 1675ರಲ್ಲಿ ಅಲ್ಲಿ ಮೂಲನಿವಾಸಿಗಳೊಡನೆ ಯುದ್ಧ ನಡೆಯುತ್ತಿದ್ದಾಗ, ದೇವರ ಕೋಪಕ್ಕೆ ಕಾರಣವಾದ ಪಾಪಗಳ ಪಟ್ಟಿಯಲ್ಲಿ ಗಂಡಸರ ಉದ್ದಗೂದಲನ್ನೂ ವಿಗ್ಗುಗಳನ್ನೂ ಸೇರಿಸಿದರು. ಆದರೆ ಅದೇ ಬಾಸ್ಟನಿನ ಮಹಾಬೋಧಕ ಕಾಟನ್ ಮ್ಯಾದರ್ ಅವರ 1728ರ ಚಿತ್ರವನ್ನು ನೋಡಿ. ಭುಜದ ತನಕ ಸುರುಳಿಸುರುಳಿಯಾದ ವಿಗ್ಗು! ತಾತಂದಿರಿಗೆ ದೇವಕೋಪ ತಂದದ್ದು ಮೊಮ್ಮಕ್ಕಳಿಗೆ ಗೌರವದ ಉಡುಪಾಯಿತು.

ಇದೇ ಪ್ರಶ್ನೆ ನಮ್ಮ ದಕ್ಷಿಣಕ್ಕೂ ಬಂದಿತ್ತು. 1606ರಲ್ಲಿ ಮದುರೆಗೆ ಬಂದ ಜೆಸ್ವಿಟ್ ಪಾದ್ರಿ ರಾಬರ್ಟ್ ದೆ ನೊಬಿಲಿ, ಮತಾಂತರಗೊಂಡವರು ಶಿಖೆಯನ್ನೂ ಜನಿವಾರವನ್ನೂ ಉಳಿಸಿಕೊಳ್ಳಲಿ ಎಂದ. ಅವು ಕುಲಾಚಾರವೇ ಹೊರತು ಮೂರ್ತಿಪೂಜೆಯಲ್ಲ ಎಂಬುದು ಅವನ ವಾದ. ಸ್ವಂತ ಪಂಗಡದವರೇ ದೂರು ಕೊಟ್ಟರು. ವಿಚಾರಣೆ ರೋಮಿಗೆ ಹೋಗಿ, 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಕೆಲವು ಷರತ್ತುಗಳೊಡನೆ ನೊಬಿಲಿಯ ಪರವಾಗಿ ಹೇಳಿದರು. ಆ ಶತಮಾನದ ನಡುವೆ ಮೈಸೂರು ಸೀಮೆಗೆ ಬಂದ ಲಿಯೊನಾರ್ಡೊ ಚಿನ್ನಾಮಿಯೂ ಸನ್ಯಾಸಿಯ ವೇಷದ ಅದೇ ದಾರಿ ಹಿಡಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ಪ್ರಾಟೆಸ್ಟೆಂಟ್ ಮಿಷನರಿಗಳು ಮಾತ್ರ, ಕ್ರೈಸ್ತನಾದವನ ತಲೆಯಲ್ಲಿ ಜುಟ್ಟು ಉಳಿಯಕೂಡದೆಂದು ಹಟ ಹಿಡಿದರು. ಆಗ ಅವರಿಗೆ ಉತ್ತರ ಕೊಟ್ಟವರು ಮಿಷನರಿಯೇ ಆದ, ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್ವೆಲ್. ಜುಟ್ಟು ಜನರ ರೂಢಿಯೇ ಹೊರತು ಮತಚಿಹ್ನೆಯಲ್ಲವೆಂದು ಅವರು ವಾದಿಸಿದ ಲೇಖನ 1875ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿದೆ. ಸೋಜಿಗ ನೋಡಿ: ಬಾಸ್ಟನಿನಲ್ಲಿ ಕೂದಲು ಬಿಟ್ಟವನು ಲೋಕದ ಮೋಹಕ್ಕೆ ಬಿದ್ದವನು, ಮದುರೆಯಲ್ಲಿ ಬಿಟ್ಟವನು ಹಳೆಯ ದೇವರ ಮೋಹ ಬಿಡದವನು. ಎರಡು ಕಡೆಯೂ ತೀರ್ಪು ಒಂದೇ, ಕತ್ತರಿ.

ಇಲ್ಲಿಯ ತನಕದ್ದು ನಗುತ್ತಲೇ ಓದಬಹುದಾದ ಚರಿತ್ರೆ. ಮುಂದಿನದು ಹಾಗಲ್ಲ. 1879ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕಾರ್ಲೈಲಿನಲ್ಲಿ ಮೂಲನಿವಾಸಿಗಳ ಮಕ್ಕಳಿಗಾಗಿ ವಸತಿಶಾಲೆ ತೆರೆಯಿತು. ಅದು ಸರ್ಕಾರದ ಶಾಲೆಯಾದರೂ ಮಕ್ಕಳನ್ನು 'ನಾಗರಿಕ'ರನ್ನಾಗಿಯೂ ಕ್ರೈಸ್ತರನ್ನಾಗಿಯೂ ಮಾಡುವುದು ಒಂದೇ ಕೆಲಸವೆಂದು ಅಲ್ಲಿ ತಿಳಿದಿದ್ದರು. ಬಂದ ಹುಡುಗರ ಕೂದಲನ್ನು ಮೊದಲು ಕತ್ತರಿಸುತ್ತಿದ್ದರು. ಲಕೋಟ ಜನರಲ್ಲಿ ಕೂದಲು ಕತ್ತರಿಸಿಕೊಳ್ಳುವುದು ಸಾವಿನ ದುಃಖದ ಗುರುತು. ಅಲ್ಲಿ ಓದಿದ ಲೂಥರ್ ಸ್ಟ್ಯಾಂಡಿಂಗ್ ಬೇರ್ ತಮ್ಮ 1928ರ ಪುಸ್ತಕದಲ್ಲಿ, ಕೂದಲು ಹೋದಾಗ ಕಣ್ಣೀರು ಬಂದುದನ್ನೂ, ತಾನಿನ್ನು ಬಿಳಿಯರ ಅನುಕರಣೆ ಮಾತ್ರ ಎನ್ನಿಸಿದುದನ್ನೂ ಬರೆದಿದ್ದಾರೆ. 1902ರಲ್ಲಿ ಅಮೆರಿಕದ ಅಧಿಕಾರಿಗಳು ದೊಡ್ಡವರ ಕೂದಲಿಗೂ ಆದೇಶ ಹೊರಡಿಸಿದರು. ಒಪ್ಪದವರ ಪಡಿತರ ತಡೆಹಿಡಿಯುವ ಮಾತೂ ಅದರಲ್ಲಿತ್ತು. ಕೆನಡಾದಲ್ಲಿ ಇಂಥ ಶಾಲೆಗಳನ್ನು ಬಹುಮಟ್ಟಿಗೆ ನಡೆಸಿದವರು ಚರ್ಚುಗಳೇ. ಅವುಗಳ ಮೂಲಕ ಹಾದುಹೋದ ಮಕ್ಕಳು 1,50,000ಕ್ಕೂ ಹೆಚ್ಚು. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಅಲ್ಬರ್ಟಾದ ಮಾಸ್ಕ್ವಾಚೀಸ್ ಎಂಬಲ್ಲಿಗೆ ಹೋಗಿ, ಆ ಶಾಲೆಗಳಲ್ಲಿ ಕ್ರೈಸ್ತರು ಮಾಡಿದ ಕೇಡಿಗಾಗಿ ಕ್ಷಮೆ ಕೇಳಿದರು. ಅವರು ಕ್ಷಮೆ ಕೇಳಿದ ಅನ್ಯಾಯಗಳು ಕತ್ತರಿಗಿಂತ ಬಹಳ ದೊಡ್ಡವು. ಆದರೆ ಆ ಮಕ್ಕಳ ಮೊದಲ ದಿನದ ನೆನಪು ಎಷ್ಟೋ ಸಲ ಕತ್ತರಿಯದೇ.

ಬುದ್ಧಿವಂತಿಕೆಯ ಉದಾಹರಣೆಯೂ ಒಂದಿದೆ. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದಲ್ಲಿ ಚಕ್ ಸ್ಮಿತ್ ಎಂಬ ಪಾದ್ರಿ, ಬರಿಗಾಲಿನ, ಉದ್ದಗೂದಲಿನ ಹಿಪ್ಪಿ ಹುಡುಗರಿಗೆ ತಮ್ಮ ಚಿಕ್ಕ ಚರ್ಚಿನ ಬಾಗಿಲು ತೆರೆದರು. ಹುಡುಗರು ಸಾವಿರಗಟ್ಟಲೆ ಬಂದರು. ಪೆಸಿಫಿಕ್ ಕಡಲಿನಲ್ಲಿ ದೀಕ್ಷಾಸ್ನಾನ ಪಡೆದರು. 1971ರ ಜೂನಿನಲ್ಲಿ 'ಟೈಮ್' ಪತ್ರಿಕೆ ಈ ಚಳವಳಿಯನ್ನು ಮುಖಪುಟಕ್ಕೆ ತಂದಿತು. ಇಂದು ಎಷ್ಟೋ ಸಭೆಗಳಲ್ಲಿ ಗಿಟಾರ್ ನುಡಿಸಿ ಹಾಡುವ ಆರಾಧನಾ ಪದ್ಧತಿ ಬೆಳೆದುಬಂದದ್ದರಲ್ಲಿ ಆ ಉದ್ದಗೂದಲಿನ ಹುಡುಗರ ಪಾಲು ದೊಡ್ಡದು. ನನ್ನ ವಿದ್ಯಾರ್ಥಿಯ ಮಗನನ್ನು ತಡೆದ ಹಿರಿಯರು ಈ ಸಂಗತಿಯನ್ನು ಒಮ್ಮೆ ಯೋಚಿಸಲಿ.

'ಹಾಗಾದರೆ ಸಭೆಗೆ ಶಿಸ್ತೇ ಬೇಡವೇ?' ಎಂದು ಕೇಳುವವರುಂಟು. ಖಂಡಿತ ಬೇಕು. ಮೂವತ್ತು ನಲವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ಪಾಠ ಮಾಡಿದವನಿಗೆ ಶಿಸ್ತಿನ ಬೆಲೆ ಗೊತ್ತು. ಆದರೆ ನಿಯಮ ನಮ್ಮದಾದರೆ ನಮ್ಮದೆಂದೇ ಹೇಳಬೇಕು. 'ನಮ್ಮ ಸಭೆಯಲ್ಲಿ ಇದು ಪದ್ಧತಿ, ದಯವಿಟ್ಟು ಒಪ್ಪಿಕೊಳ್ಳಪ್ಪ' ಎಂದರೆ ಹುಡುಗ ಒಪ್ಪಿಯಾನು, ಒಪ್ಪದೆ ವಾದಿಸಿಯಾನು. ಎರಡರಲ್ಲಿಯೂ ಅವನ ಮಾನ ಉಳಿಯುತ್ತದೆ. 'ನೀನು ದೇವರಿಗೆ ಅವಮಾನ ಮಾಡುತ್ತಿದ್ದೀಯೆ' ಎಂದರೆ ವಾದಕ್ಕೆ ಜಾಗವೆಲ್ಲಿ? ಹದಿನೆಂಟರ ಹುಡುಗ ದೇವರೊಡನೆ ವಾದಿಸಲಾರ. ಅವನು ಎದ್ದು ಹೋಗುತ್ತಾನೆ. ಹೋದವನು ಕೂದಲು ಕತ್ತರಿಸಿಕೊಂಡ ಮೇಲೂ ಹಿಂದಿರುಗಿ ಬಾರದಿರಬಹುದು.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಂದಿರು. ಕೆಲವರು ಮುಖ್ಯೋಪಾಧ್ಯಾಯರು, ಕೆಲವರು ಸಭೆಯ ಹಿರಿಯರು, ದೇವಸ್ಥಾನದ ಸಮಿತಿಯವರು. ಜುಟ್ಟಿನ ಜಗಳ ಕ್ರೈಸ್ತರ ಮನೆಯದು ಮಾತ್ರವಲ್ಲ. ಶಿಖೆ ತೆಗೆದು ಕ್ರಾಪು ಬಿಟ್ಟ ಮಗನೊಡನೆ ಮಾತು ಬಿಟ್ಟ ತಂದೆಯರು ನಮ್ಮ ಹಿಂದಿನ ತಲೆಮಾರಿನಲ್ಲಿಯೂ ಇದ್ದರು. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೆದುರು ನಿಲ್ಲಿಸಿ ಹುಡುಗನ ತಲೆಯ ಮೇಲೆ ಕತ್ತರಿಯಾಡಿಸುವ ಉಪಾಧ್ಯಾಯರ ಸುದ್ದಿ ಈಗಲೂ ಆಗಾಗ ಕಿವಿಗೆ ಬೀಳುತ್ತದೆ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ನಿಷೇಧಿಸಿದೆ ಎಂಬುದನ್ನು ಅವರಿಗೆ ನೆನಪಿಸಿ.

ಪ್ರಶ್ನೆ ಕೇಳಿದ ನನ್ನ ವಿದ್ಯಾರ್ಥಿಗೆ ಕೊನೆಯದಾಗಿ ಒಂದು ಮಾತು. ಮಗನನ್ನು ಕ್ಷೌರದಂಗಡಿಗೆ ಕರೆದೊಯ್ಯುವ ಮೊದಲು ಅವನನ್ನು ಜೊತೆಯಲ್ಲಿ ಕೂರಿಸಿಕೊಂಡು ಕೊರಿಂಥದ ಆ ಅಧ್ಯಾಯವನ್ನೂ, ಅರಣ್ಯಕಾಂಡದ ಆರನೆಯ ಅಧ್ಯಾಯವನ್ನೂ ಓದಿರಿ. ಆಮೇಲೆ ಇಬ್ಬರೂ ಹೋಗಿ ಹಿರಿಯರೊಡನೆ ವಿನಯದಿಂದ ಮಾತನಾಡಿರಿ. ಕೂದಲು ಇರಲಿ, ಹೋಗಲಿ, ಆ ತೀರ್ಮಾನ ಹುಡುಗನದಾಗಿರಲಿ. ಅವನ ಜುಟ್ಟು ಅವನ ಕೈಯಲ್ಲಿಯೇ ಇರಲಿ.