ರಜೆ ಕಳೆದ ಮೇಲಿನ ಹಾಜರಿ

ಶಾಲೆಯ ವರ್ಷಕ್ಕೆ ಎರಡು ಹೊಸ್ತಿಲುಗಳುಂಟು. ರೋಹಿಣಿ ಮಳೆಯ ದಿನಗಳಲ್ಲಿ ದಾಟುವ ಹೊಸ್ತಿಲು ಒಂದು. ದಸರಾ ರಜೆ ಕಳೆದು ಸೀಗಿ ಹುಣ್ಣಿಮೆಯ ಆಚೀಚೆ ದಾಟುವ ಹೊಸ್ತಿಲು ಇನ್ನೊಂದು. ಮೊದಲನೆಯದಕ್ಕೆ ನಾವು ತಳಿರು ತೋರಣ ಕಟ್ಟುತ್ತೇವೆ. ಮಕ್ಕಳ ಕೈಗೆ ಹೊಸ ಪುಸ್ತಕ, ಬಾಯಿಗೆ ಸಿಹಿ ಕೊಟ್ಟು ಬರಮಾಡಿಕೊಳ್ಳುತ್ತೇವೆ. ಎರಡನೆಯದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಮಗುವಿನ ಬದುಕು ಯಾವ ಕಡೆಗೆ ಹೊರಳುತ್ತದೆ ಎಂಬುದು ಬಹುಮಟ್ಟಿಗೆ ಈ ಎರಡನೆಯ ಹೊಸ್ತಿಲಲ್ಲಿಯೇ ತೀರ್ಮಾನವಾಗುತ್ತದೆಂಬುದು, ಶ್ರೀಮಠದ ಶಾಲೆಯ ಗೌರವ ಪ್ರಾಚಾರ್ಯನಾಗಿ ಸೇವೆ ಸಲ್ಲಿಸುತ್ತಿರುವ ನನ್ನ ಕಾಣ್ಕೆ.

ಸದ್ಭಕ್ತರೇ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಬಳಿಕ ಆಡಳಿತ ಮಂಡಳಿಯ ಮುಂದೆ ವರದಿ ಓದುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಈ ಪರೀಕ್ಷೆಗೆ ಈಗ ಸಂಕಲನಾತ್ಮಕ ಮೌಲ್ಯಮಾಪನವೆಂಬ ಉದ್ದನೆಯ ಹೆಸರು ಬಂದಿದೆ. ಮಕ್ಕಳಂತೂ ಅದನ್ನು ಇಂದಿಗೂ ಅರ್ಧವಾರ್ಷಿಕವೆಂದೇ ಕರೆಯುತ್ತಾರೆ. ವರದಿಯಲ್ಲಿ ಸಾಧನೆಗಳ ಪಟ್ಟಿ ಇರಲೇಬೇಕು, ಇದೆ. ಪ್ರತಿಭಾ ಕಾರಂಜಿಯಲ್ಲಿ ವಚನಗಾಯನಕ್ಕೆ ಮೊದಲ ಬಹುಮಾನ ತಂದವಳು ಎಂಟನೆಯ ತರಗತಿಯ ಮುಸಲ್ಮಾನರ ಮನೆಯ ಹುಡುಗಿ. ಅವಳ ತಂದೆ ಸಂತೆಯಲ್ಲಿ ಬಳೆ ಮಾರುವ ಕಾಯಕದವರು. ಬಹುಮಾನದ ದಿನ ಅಂಗಡಿ ಕಟ್ಟಿಟ್ಟು ಬಂದು ಹಿಂದಿನ ಸಾಲಿನಲ್ಲಿ ನಿಂತು ಕೇಳಿದರು. ಹೆಣ್ಣುಮಕ್ಕಳ ಖೋ-ಖೋ ತಂಡ ತಾಲೂಕಿನ ಕೊನೆಯ ಪಂದ್ಯದಲ್ಲಿ ಸೋತಿತು. ಸೋತ ತಂಡವನ್ನು ವರದಿಯಲ್ಲಿ ಸೇರಿಸುವುದೇಕೆಂದು ಸದಸ್ಯರೊಬ್ಬರು ಕೇಳಿದರು. ಬರಿಗಾಲಿನಲ್ಲಿ ಆಡಿ ಕೊನೆಯ ಪಂದ್ಯದವರೆಗೆ ಹೋದವರನ್ನು ಬಿಟ್ಟು ಬೇರೆ ಯಾರನ್ನು ಸೇರಿಸಲಿ?

ಪ್ರಸಾದ ನಿಲಯದ ಮಕ್ಕಳ ದಿನಚರಿ ಎಂದಿನಂತೆ ಸಾಗಿದೆ. ಬೆಳಗಿನ ಐದಕ್ಕೆ ಏಳುವುದು, ಸ್ನಾನ, ಇಷ್ಟಲಿಂಗಪೂಜೆ. ಅನ್ಯಧರ್ಮದ ಮಕ್ಕಳು ಅದೇ ಹೊತ್ತಿನಲ್ಲಿ ತಮ್ಮ ರೀತಿಯ ಪ್ರಾರ್ಥನೆ ಮಾಡುತ್ತಾರೆ ಅಥವಾ ಪಾಠ ಓದಿಕೊಳ್ಳುತ್ತಾರೆ. ಬಳಿಕ ಕಸಗೂಡಿಸುವುದು, ಪಂಕ್ತಿಗೆ ಬಡಿಸುವುದು, ತಾವು ಉಂಡ ತಾಟನ್ನು ತಾವೇ ತೊಳೆದಿಡುವುದು. ತಾಟು ತೊಳೆಯುವ ಕೆಲಸದಲ್ಲಿ ಗೌಡರ ಮಗ, ಜೀತಗಾರನ ಮೊಮ್ಮಗ ಎಂಬ ಭೇದ ಅಳಿಯುವಷ್ಟು ನನ್ನ ನೀತಿಪಾಠದಿಂದ ಅಳಿಯುವುದಿಲ್ಲ.

ಇನ್ನು ಅಂಕಗಳ ಮಾತು. ಈ ಸಲ ಒಂಬತ್ತನೆಯ ತರಗತಿಯವರು ತಾವಾಗಿಯೇ ಒಂದು ಬೇಡಿಕೆ ತಂದರು: ಸಮಾಜವಿಜ್ಞಾನದ ಪತ್ರಿಕೆಯನ್ನು ಕಾವಲಿಲ್ಲದೆ ಬರೆಯುತ್ತೇವೆ, ಕೊಠಡಿಯಲ್ಲಿ ಶಿಕ್ಷಕರು ಇರುವುದು ಬೇಡ. ಅನುಮತಿ ಕೊಟ್ಟೆವು. ತರಗತಿಯ ಸರಾಸರಿ ಹಿಂದಿನ ಕಿರುಪರೀಕ್ಷೆಗಿಂತ ಕೆಳಗಿಳಿಯಿತು. ಅಂಕ ಇಳಿದದ್ದಕ್ಕೆ ಪಾಲಕರಲ್ಲಿ ಕೆಲವರು ಅಸಮಾಧಾನಗೊಂಡರು. ನಾನಾದರೋ ವರದಿಯಲ್ಲಿ ಈ ಇಳಿದ ಸರಾಸರಿಯನ್ನು ಬಹುಮಾನಗಳಿಗಿಂತ ಮೇಲಿನ ಸಾಲಿನಲ್ಲಿ ಬರೆದಿದ್ದೇನೆ. ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ 2023ರಲ್ಲಿ ಶೇಕಡಾ 83.89 ಇದ್ದದ್ದು 2024ರ ಮೊದಲ ಪರೀಕ್ಷೆಯಲ್ಲಿ ಶೇಕಡಾ 73.40ಕ್ಕೆ ಬಂದಿತು. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇರಿಸಿ ದೂರದಿಂದಲೇ ನೋಡುವ ವ್ಯವಸ್ಥೆ ಬಂದಿತ್ತು. ಕೃಪಾಂಕದ ಪ್ರಮಾಣವನ್ನು ಏರಿಸಿದ ಮೇಲೂ ಇಷ್ಟು ಇಳಿಕೆ. ಕ್ಯಾಮೆರಾದ ಅಂಜಿಕೆಯಿಂದ ಬಂದ ಪ್ರಾಮಾಣಿಕತೆಗೂ ಮಕ್ಕಳು ತಾವೇ ಕೇಳಿ ಪಡೆದ ಪ್ರಾಮಾಣಿಕತೆಗೂ ಇರುವ ಅಂತರವನ್ನು ಶರಣರ ನಾಡಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಊರ ಬಾಗಿಲಲ್ಲಿ 625ಕ್ಕೆ ಇಷ್ಟಿಷ್ಟು ಅಂಕವೆಂದು ಮಕ್ಕಳ ಭಾವಚಿತ್ರ ಹಾಕಿ ನಿಲ್ಲಿಸುವ ಫ್ಲೆಕ್ಸುಗಳನ್ನು ಕಂಡಾಗ, ಆ ಹಲಗೆಗೆ ಬಾರದ ಮಕ್ಕಳು ಅದರ ಕೆಳಗೆ ನಡೆದು ಶಾಲೆಗೆ ಬರುತ್ತಾರಲ್ಲ ಎಂದು ಮನಸ್ಸು ನೋಯುತ್ತದೆ. ಅದಿರಲಿ.

ವರದಿ ಓದಿದ್ದಾಯಿತು, ಮಂಡಳಿಯವರು ಮೆಚ್ಚಿದ್ದೂ ಆಯಿತು. ಆದರೆ ವರದಿಯಲ್ಲಿ ಇಲ್ಲದ ಒಂದು ಪುಟವಿದೆ. ಅದು ರಜೆ ಕಳೆದ ಮೊದಲ ವಾರದ ಹಾಜರಿ ಪುಸ್ತಕ. ತರಗತಿಯ ಶಿಕ್ಷಕರು ಹೆಸರು ಕೂಗುತ್ತಾರೆ, ಉತ್ತರ ಬರುವುದಿಲ್ಲ, ಇನ್ನೊಮ್ಮೆ ಕೂಗುತ್ತಾರೆ, ಪಕ್ಕದಲ್ಲಿ ಕುಳಿತವರು, 'ಅಕಿ ಬಂದಿಲ್ರಿ ಸರ್' ಎನ್ನುತ್ತಾರೆ. ಒಂದು ದಿನದ ಮಾತಾದರೆ ಜ್ವರವೆನ್ನಬಹುದು. ವಾರವಾದರೂ ಬಾರದವರು ಈ ಸಲ ಐವರು. ಮೂವರು ಹುಡುಗಿಯರು, ಇಬ್ಬರು ಹುಡುಗರು; ಎಲ್ಲರೂ ಒಂಬತ್ತು ಮತ್ತು ಹತ್ತನೆಯ ತರಗತಿಯವರು.

ಕಾರಣಗಳು ಹೊಸವಲ್ಲ. ನಮ್ಮ ಎರೆಹೊಲದ ಸೀಮೆಯಲ್ಲಿ ದಸರೆಯಿಂದ ಸಂಕ್ರಾಂತಿಯವರೆಗೆ ಹತ್ತಿ ಬಿಡಿಸುವ ಕಾಲ. ಬಿರಿದ ಕಾಯಿಯಿಂದ ಅರಳೆಯನ್ನು ಎಳೆದು ತೆಗೆಯುವುದಕ್ಕೆ ಸಣ್ಣ ಬೆರಳುಗಳು ಒಳ್ಳೆಯವೆಂಬ ಮಾತು ಹಿಂದಿನಿಂದಲೂ ಇದೆ. ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವುದರಿಂದ ಮನೆಯ ಎಷ್ಟು ಕೈಗಳು ಸೇರಿದರೆ ಅಷ್ಟು ಗಳಿಕೆ. ಇದೇ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸುತ್ತವೆ. ಮುಂಗಡ ಪಡೆದ ಕುಟುಂಬಗಳು ಮಕ್ಕಳು ಮರಿಗಳೊಡನೆ ಕಟಾವಿಗೆ ಹೊರಡುತ್ತವೆ. ಮತ್ತೆ ಕೆಲವರು ಗೋವೆಗೋ ಬೆಂಗಳೂರಿಗೋ ಕಟ್ಟಡದ ಕೆಲಸಕ್ಕೆ. ರಜೆ ಉದ್ದವಾದಷ್ಟೂ ಶಾಲೆಯ ರೂಢಿ ತಪ್ಪುತ್ತದೆ. 2025ರಲ್ಲಿ ಸಮೀಕ್ಷೆಯ ನಿಮಿತ್ತ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಲಂಬಿಸಿದಾಗ ಅನೇಕ ಶಿಕ್ಷಕರು ಈ ಅಳುಕನ್ನು ತೋಡಿಕೊಂಡಿದ್ದರು.

ಇಲ್ಲೊಂದು ಸೂಕ್ಷ್ಮವಿದೆ, ಪಾಲಕರು ತಿಳಿದಿರಬೇಕಾದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ ಕಡ್ಡಾಯ ಶಿಕ್ಷಣದ ರಕ್ಷಣೆ ಕೊಡುತ್ತದೆ. ಒಂಬತ್ತು, ಹತ್ತನೆಯ ತರಗತಿಯ ಮಗು ಆ ಕೊಡೆಯಿಂದ ಹೊರಗೆ ಬಂದಿರುತ್ತದೆ. ಅಲ್ಲಿಂದ ಮುಂದೆ ಅದನ್ನು ಕಾಯಬೇಕಾದವರು ಮನೆಯವರು, ಶಾಲೆಯವರು, ಸಮಾಜದವರು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಲು ಶೇಕಡಾ 75ರಷ್ಟು ಹಾಜರಿ ಬೇಕು. ದೀಪಾವಳಿಗೆ ಹೋದವರು ಎಳ್ಳಮಾವಾಸ್ಯೆ ಕಳೆದು ಬಂದರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದವರು ನಾಚಿಕೆಯಿಂದ ಮತ್ತೆ ಬರುವುದೇ ಇಲ್ಲ. ಒಂದು ತಿಂಗಳೆಂದು ಬಿಟ್ಟ ಶಾಲೆ ಜನ್ಮಕ್ಕೆ ಬಿಟ್ಟುಹೋಗುವ ಬಗೆ ಇದು.

ಐವರಲ್ಲಿ ಒಬ್ಬಳ ಮನೆಗೆ ನಮ್ಮ ಗಣಿತದ ಶಿಕ್ಷಕಿಯರೊಡನೆ ಹೋಗಿದ್ದೆ. ಸ್ಥಿತಿವಂತರೇ, ಹನ್ನೆರಡು ಎಕರೆ ಹೊಲ, ಹಿತ್ತಲಲ್ಲಿ ಟ್ರ್ಯಾಕ್ಟರು. ಯಜಮಾನರು ಗೌರವದಿಂದ ಕಂಬಳಿ ಹಾಸಿ ಕೂಡಿಸಿದರು, ಚಹಾ ತರಿಸಿದರು. ಮಗಳ ಮಾತು ತೆಗೆದಾಗ ಅವರೆಂದರು: 'ಹೊಲದಾಗ ಹತ್ತಿ ಒಡದು ನಿಂತೈತ್ರಿ ಗುರುಗಳ. ಅಡ್ಡಮಳಿ ಬಂತಂದ್ರ ಎಲ್ಲಾ ಮಣ್ಣಪಾಲು. ಆಳು ಸಿಗವಲ್ರು, ಸಿಕ್ಕರೂ ಕೇಳಿದಷ್ಟ ಕೊಡಬೇಕು. ಒಂದ ತಿಂಗಳ ಸಾಲಿ ಬಿಟ್ರ ಏನಾಗ್ತೈತ್ರಿ, ಆಕಿ ಶಾಣ್ಯಾಕಿ ಅದಾಳ.' ಬಡವನು ಹಸಿವಿನಿಂದ ಮಗುವನ್ನು ಹೊಲಕ್ಕೆ ಕಳಿಸಿದರೆ ಅವನಿಗೆ ಬುದ್ಧಿ ಹೇಳಲು ನಾಲಗೆ ಏಳುವುದಿಲ್ಲ. ಅವನ ಹಸಿವಿಗೆ ದಾರಿ ತೋರಿಸಬೇಕು. ಆದರೆ ಉಳ್ಳವರು ಆಳಿನ ಕೂಲಿ ಉಳಿಸಲು ಮಗಳ ತರಗತಿಯನ್ನು ಕಳೆದರೆ? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಲೆಗೇರಿಸಲೊಪ್ಪದೆ, ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಹೇಳಿದ ಕಥೆಯನ್ನು ನಾವು ಪುರಾಣದಲ್ಲಿ ಕೇಳಿ ತಲೆದೂಗುತ್ತೇವೆ. ಆ ಮನೆಯ ಜಗುಲಿಯಲ್ಲಿ ನಾನು ಈ ಕಥೆ ಹೇಳಿದೆ. ಯಜಮಾನರು ಸುಮ್ಮನಿದ್ದರು. ಒಳಗಿನಿಂದ ಹುಡುಗಿಯ ಅಜ್ಜಿ ಮಾತ್ರ, 'ನಾಳಿಂದ ಕಳಸ್ತೀವ್ರಿ, ಆಕಿ ಪಾಲಿಂದು ನಾ ಬಿಡಸ್ತೀನಿ' ಎಂದರು. ಎಪ್ಪತ್ತು ದಾಟಿದ ಕೈಗಳು ಅವು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ, ಏಕೆಂದರೆ ಇದು ನಮ್ಮ ನಮ್ಮ ಮನೆಗಳ ಮಾತು. ತುಳಸಿ ಲಗ್ನವಾದೊಡನೆ ಮದುವೆಯ ಮುಹೂರ್ತಗಳು ತೆರೆಯುತ್ತವೆ. ಹತ್ತನೆಯ ತರಗತಿಯ ಹುಡುಗಿಯನ್ನು 'ಸುಮ್ಮನೆ ನೋಡಿಕೊಂಡು ಹೋಗಲಿ' ಎಂದು ತೋರಿಸುವ ಶಾಸ್ತ್ರ ಇನ್ನೂ ನಿಂತಿಲ್ಲ. ನೋಡಿಕೊಂಡು ಹೋದ ಮೇಲೆ ಅವಳಿಗೆ ಬೀಜಗಣಿತ ತಲೆಗೆ ಹತ್ತೀತೇ? 18 ತುಂಬದ ಕನ್ಯೆಯ ಮದುವೆ 2006ರ ಕಾಯ್ದೆಯಂತೆ ನಿಷಿದ್ಧ. ಕರ್ನಾಟಕದಲ್ಲಿ ತಿದ್ದುಪಡಿಯಾದ ಬಳಿಕ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮಾಡಿಸಿದವರು, ನಡೆಸಿಕೊಟ್ಟವರು ಎಲ್ಲರೂ ಅಪರಾಧಿಗಳಾಗುತ್ತಾರೆ. ಹೀಗಿರುವಾಗ ನಮ್ಮ ಪುರೋಹಿತ ವರ್ಗದವರು, ಅಯ್ಯನವರು ವಯಸ್ಸಿನ ದಾಖಲೆ ನೋಡದೆ ಅಕ್ಷತೆಗೆ ಕೈಯೆತ್ತಬಾರದು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆಸಿದ್ದೇವೆ. ಅದನ್ನು ಕಂಡು ಕೆಲವು ಹಿರಿಯರು ಮುನಿದರು. ಬರಹ ಅಲ್ಲಿಯೇ ಇದೆ. ಅಕ್ಕಮಹಾದೇವಿಯ ಜಯಂತಿಯಂದು ಅದೇ ಗೋಡೆಗೆ ಹೂಮಾಲೆ ಕಟ್ಟುತ್ತೇವಲ್ಲ!

ನಮ್ಮ ಸಮಾಜದ ವಿದ್ಯಾಸಂಸ್ಥೆಗಳು ಹುಟ್ಟಿದ್ದೇಕೆಂಬುದನ್ನು ಒಮ್ಮೆ ನೆನೆಯೋಣ. ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ 1910ರಲ್ಲಿ ವಿದ್ಯಾಸಂಸ್ಥೆಗೆ ಅಡಿಪಾಯ ಹಾಕಿದರು. ವಚನಗಳ ಮುದ್ರಣಕ್ಕಾಗಿ ಮನೆಯನ್ನೇ ಮಾರಿದ ಆ ವಕೀಲರಿಗೆ ಶಾಲೆಯೂ ವಚನವೂ ಬೇರೆಬೇರೆ ಕೆಲಸಗಳಾಗಿರಲಿಲ್ಲ. ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು 1916ರಲ್ಲಿ ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು. ಹೊಲದಿಂದ ಬಂದ ಮಗು ಮತ್ತೆ ಓದಿಲ್ಲದೆ ಹೊಲಕ್ಕೆ ಮರಳಬಾರದೆಂಬ ಕಳಕಳಿ ಇವರೆಲ್ಲರ ಬೆನ್ನಿಗಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳನ್ನು ಕೂಡಿಸಿಕೊಂಡು ಸ್ವರ ಕಲಿಸಿದರು. ಯಾವ ಅಂಕಪಟ್ಟಿಯಲ್ಲೂ ಕಾಲಂ ಇಲ್ಲದಿದ್ದ ಮಕ್ಕಳು ಅಲ್ಲಿಂದ ಗಾಯಕರಾಗಿ ಹೊರಬಂದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಮಹಾಸ್ವಾಮಿಗಳು ಊರೂರು ತಿರುಗಿ ತಂದ ಭಿಕ್ಷೆಯ ರಾಗಿ ಜೋಳದಲ್ಲಿ ಸಾವಿರಾರು ಮಕ್ಕಳಿಗೆ ಅನ್ನವಿಟ್ಟರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದ ದಿನವೂ ಅಲ್ಲಿಯ ಒಲೆ ಉರಿಯಿತು. ಸರ್ಕಾರ 2002ರಲ್ಲಿ ಶಾಲೆಯ ಬಿಸಿಯೂಟ ಆರಂಭಿಸಿದಾಗ ಅದಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. ಶರಣರ ಮಾತು ಸರ್ಕಾರದ ಆದೇಶಪತ್ರವನ್ನು ಹೊಕ್ಕಿದ್ದು ಸಂತೋಷವೇ. ಆ ಮಾತಿನ ಒಡೆಯರೆಂದುಕೊಳ್ಳುವ ನಮ್ಮ ಮೇಲೆ ಅದರಿಂದ ಹೊಣೆಯೂ ಬಿದ್ದಿದೆ.

ಹಾಗಾದರೆ ಈಗ ಆಗಬೇಕಾದದ್ದೇನು? ಕಟಾವಿಗೆ ಹೊರಡುವ ಕುಟುಂಬಗಳು ಪರೀಕ್ಷೆಯ ವರ್ಷದ ಮಗುವನ್ನು ಊರಿನಲ್ಲಿ ಬಂಧುಗಳ ಮನೆಯಲ್ಲಿಯೋ ಪ್ರಸಾದ ನಿಲಯದಲ್ಲಿಯೋ ಬಿಟ್ಟು ಹೋಗಲಿ. ವರ್ಷದ ನಡುವೆ ಪ್ರವೇಶವಿಲ್ಲವೆಂಬ ನಿಯಮ ಹಲವು ವಸತಿನಿಲಯಗಳಲ್ಲಿದೆ. ನಮ್ಮಲ್ಲಿ ಅಪ್ಪಗಳು ಅದನ್ನು ಸಡಿಲಿಸಿ, ಸಂಕ್ರಾಂತಿಯವರೆಗೆ ಯಾವ ದಿನ ಬಂದರೂ ಮಗುವನ್ನು ಸೇರಿಸಿಕೊಳ್ಳಬೇಕೆಂದು ಅಪ್ಪಣೆ ಕೊಡಿಸಿದ್ದಾರೆ. ಹಾಸಿಗೆ, ಹೊದಿಕೆ, ಒಂದು ಜೊತೆ ಬಟ್ಟೆ ತಂದರೆ ಸಾಕು. ಸುಗ್ಗಿಯ ರಾಶಿ ಮಾಡುವ ಭಕ್ತರು ಈ ನಾಲ್ಕು ತಿಂಗಳ ಹೆಚ್ಚಿನ ಪಂಕ್ತಿಯನ್ನು ಮನದಲ್ಲಿಟ್ಟು ಜೋಳದ ಚೀಲವೊಂದನ್ನು ಬೇರೆಯಾಗಿ ತೆಗೆದಿಡಬೇಕೆಂದು ಪ್ರಾರ್ಥನೆ.

ಎಂಟನೆಯ ತರಗತಿಯ ಮಕ್ಕಳ ತಾಯಿತಂದೆಯರು ಇನ್ನೊಂದನ್ನು ಗಮನಿಸಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ, ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ ಮನೆಯ ಮಕ್ಕಳಿಗೆ ಎನ್.ಎಂ.ಎಂ.ಎಸ್. ಎಂಬ ಕೇಂದ್ರದ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಅವರ ಖಾತೆಗೇ ಬರುತ್ತದೆ. ಅರ್ಜಿಯ ಅವಧಿಯನ್ನು ನಿಮ್ಮ ಶಾಲೆಯಲ್ಲಿ ಇಂದೇ ವಿಚಾರಿಸಿರಿ. ಆದಾಯ ಪ್ರಮಾಣಪತ್ರಕ್ಕೆಂದು ನಾಡಕಚೇರಿಗೆ ಎರಡು ಸಲ ಅಲೆಯಬೇಕಾದೀತು, ಬೇಸರಪಡಬೇಡಿರಿ.

ಐವರಲ್ಲಿ ಇಬ್ಬರು ಈ ಲೇಖನ ಬರೆಯುವ ಹೊತ್ತಿಗೆ ತರಗತಿಗೆ ಮರಳಿದ್ದಾರೆ. ಕಟಾವಿನ ಜೊತೆಗೆ ಹೋದ ಹುಡುಗರಿಬ್ಬರು ಯಾವ ಕಾರ್ಖಾನೆಯ ಸೀಮೆಯಲ್ಲಿದ್ದಾರೆಂಬುದು ಅವರ ಚಿಕ್ಕಪ್ಪನಿಂದ ತಿಳಿದಿದೆ. ನಮ್ಮ ದೈಹಿಕ ಶಿಕ್ಷಕರು ಬರುವ ಭಾನುವಾರ ಅಲ್ಲಿಗೆ ಹೊರಟಿದ್ದಾರೆ. ಉಳಿದ ಒಬ್ಬಳ ಮನೆಯಲ್ಲಿ ಸೀರೆ ತೆಗೆಯುವ ಮಾತು ನಡೆದಿದೆಯೆಂದು ಕೇಳಿದ್ದೇವೆ. ಆ ಮನೆಗೆ ನಾಳೆ ಪೂಜೆ ಮುಗಿಸಿಕೊಂಡು ಅಪ್ಪಗಳೇ ದಯಮಾಡಿಸುವರು.